ಗಂಟೆ ಬಾರಿಸುವ ಮೊದಲೇ ಗೆದ್ದವರು

1993ರ ಆಗಸ್ಟ್, ಜರ್ಮನಿಯ ಸ್ಟುಟ್‌ಗಾರ್ಟ್. ವಿಶ್ವ ಚಾಂಪಿಯನ್‌ಶಿಪ್‌ನ 10,000 ಮೀಟರ್ ಓಟದ ಫೈನಲ್. ಇಪ್ಪತ್ತನಾಲ್ಕು ಸುತ್ತು ಮುಗಿದು ಕೊನೆಯ ಸುತ್ತಿನ ಗಂಟೆ ಬಾರಿಸುವ ಹೊತ್ತಿಗೆ ಕಣದಲ್ಲಿ ಉಳಿದವರು ಇಬ್ಬರೇ. ಮುಂದೆ ಕೀನ್ಯಾದ ಮೋಸೆಸ್ ತನುಯಿ, ಬೆನ್ನಿಗೆ ಅಂಟಿಕೊಂಡಂತೆ ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ. ಆಗಲೇ ಹೈಲೆಯ ಪಾದ ತನುಯಿಯ ಹಿಮ್ಮಡಿಯ ಮೇಲೆ ಬಿತ್ತು. ಶೂ ಸಡಿಲಾಯಿತು. ತನುಯಿ ಕಾಲು ಝಾಡಿಸಿ ಅದನ್ನು ಕಿತ್ತೆಸೆದರು, ಒಂದೇ ಶೂನಲ್ಲಿ ಸಿಟ್ಟಿನಿಂದ ಮುನ್ನುಗ್ಗಿದರು. ಇಬ್ಬರ ನಡುವೆ ನೋಡನೋಡುತ್ತಿದ್ದಂತೆ ದೊಡ್ಡ ಅಂತರ ಬಿತ್ತು. ಕೊನೆಯ ನೇರ ದಾರಿಯಲ್ಲಿ ಹೈಲೆ ಅದನ್ನು ಇಂಚಿಂಚಾಗಿ ನುಂಗಿ, ಅರ್ಧ ಸೆಕೆಂಡಿನಷ್ಟು ಅಂತರದಲ್ಲಿ ಗೆದ್ದರು. ತನುಯಿಗೆ ಆದ ನೋವು ನ್ಯಾಯವಾದದ್ದೇ.

ಈ ಓಟದ ಬಗ್ಗೆ ಮಾತು ಬಂದಾಗಲೆಲ್ಲ ಎಲ್ಲರೂ ಹೈಲೆಯ ಕೊನೆಯ ಇನ್ನೂರು ಮೀಟರ್ ನೆನೆಯುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ತುಳಿತ. ಒಂಬತ್ತೂವರೆ ಕಿಲೋಮೀಟರ್ ಓಡಿದ ಮೇಲೂ ಒಬ್ಬ ಓಟಗಾರ ಇನ್ನೊಬ್ಬನ ಹಿಮ್ಮಡಿ ತುಳಿಯುವಷ್ಟು ಹತ್ತಿರ ಇದ್ದದ್ದಾದರೂ ಹೇಗೆ? ಇಥಿಯೋಪಿಯಾದ ಓಟದ ಪರಂಪರೆಯನ್ನು ಅರಿಯಬೇಕಾದರೆ ಅಲ್ಲಿಂದ ಹೊರಡಬೇಕು ಎಂಬುದು ನನ್ನ ನಂಬಿಕೆ. ಈ ಪರಂಪರೆಗೆ ಜಗತ್ತು ಕೊಟ್ಟ ಹೆಗ್ಗಳಿಕೆ ಕೊನೆಯ ಸುತ್ತಿನ ಮಿಂಚಿನದು. ಮಿಂಚು ಸುಳ್ಳಲ್ಲ. ಆದರೆ ಅದು ಹೊಡೆಯುವುದಕ್ಕೆ ಬೇಕಾದ ಮೋಡವನ್ನು ಅದಕ್ಕೂ ಮೊದಲಿನ ಸುತ್ತುಗಳಲ್ಲಿ ಕಟ್ಟುತ್ತಿದ್ದರು. ಆ ಕಟ್ಟುವ ಕೆಲಸವನ್ನು ಮರೆತು ಮಿಂಚನ್ನಷ್ಟೇ ನೆಚ್ಚಿದಾಗ ಚಿನ್ನ ಕೈತಪ್ಪಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಥಿಯೋಪಿಯನ್ನರ ಎರಡನೆಯ ಹೆಸರು ಮನೆತನದ್ದಲ್ಲ, ತಂದೆಯದು. ಹೈಲೆಯನ್ನು ಗೆಬ್ರೆಸೆಲಾಸಿ ಎಂದು ಕರೆದರೆ ಅವರ ತಂದೆಯನ್ನು ಕರೆದಂತೆ. ಅದಕ್ಕೇ ಅವರ ಊರಿನವರು ಕರೆಯುವಂತೆ ಹೈಲೆ, ಮಿರುಟ್ಸ್, ಕೆನೆನಿಸಾ ಎಂದೇ ಬರೆಯುತ್ತೇನೆ; ಬಿಕಿಲಾ, ಕೆದಿರ್, ಕೆಜೆಲ್ಚಾ ಅವರಂಥ ಕೆಲವರನ್ನು ಮಾತ್ರ ಹೊರಗಿನ ರೂಢಿಯಂತೆ ಎರಡನೆಯ ಹೆಸರಿನಿಂದ ಕರೆಯುತ್ತೇನೆ.

ಮೊದಲ ಪಾಠ ರೋಮ್‌ನದು, 1960ರದು. ಅಬೆಬೆ ಬಿಕಿಲಾ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದರು ಎಂಬುದು ಎಲ್ಲರಿಗೂ ಗೊತ್ತು. ಬರಿಗಾಲಿನ ಬೆರಗಿನಲ್ಲಿ ಮರೆಯಾದದ್ದು ಅವರ ಲೆಕ್ಕ. ಮುಸೊಲಿನಿಯ ಸೇನೆ ಇಥಿಯೋಪಿಯಾದಿಂದ ಹೊತ್ತು ತಂದಿದ್ದ ಆಕ್ಸುಮ್‌ನ ಶಿಲಾಸ್ತಂಭ ಓಟದ ದಾರಿಯಲ್ಲೇ, ಗುರಿಗೆ ಇನ್ನೇನು ಸ್ವಲ್ಪ ದೂರದಲ್ಲಿ ನಿಂತಿತ್ತು. ಮೊರಾಕ್ಕೊದ ಎದುರಾಳಿ ರಾಡಿಯನ್ನು ಬಿಟ್ಟು ಅಲ್ಲಿಂದ ನುಗ್ಗಬೇಕೆಂದು ಬಿಕಿಲಾ ಮತ್ತು ಅವರ ಕೋಚ್ ಒನ್ನಿ ನಿಸ್ಕಾನೆನ್ ಮೊದಲೇ ಗೊತ್ತುಮಾಡಿಕೊಂಡಿದ್ದರು. ಸುಸ್ತಾದಾಗ ನೋಡೋಣ, ಎದುರಾಳಿ ಏನು ಮಾಡುತ್ತಾನೋ ನೋಡೋಣ ಎಂಬ ಮಾತೇ ಇರಲಿಲ್ಲ. ಜಾಗ ಮೊದಲು, ವೇಗ ಆಮೇಲೆ.

ಟ್ರ್ಯಾಕಿನ ಮೇಲೆ ಈ ಪಾಠಕ್ಕೆ ಪೂರ್ಣ ರೂಪ ಕೊಟ್ಟವರು ಮಿರುಟ್ಸ್ ಯಿಫ್ಟರ್. ಅವರು ಕಲಿತದ್ದು ಪೆಟ್ಟು ತಿಂದೇ. 1971ರಲ್ಲಿ ಅಮೆರಿಕದ 5,000 ಮೀಟರ್ ಓಟವೊಂದರಲ್ಲಿ ಸುತ್ತಿನ ಎಣಿಕೆ ತಪ್ಪಿ, ಇನ್ನೂ ಒಂದು ಸುತ್ತು ಉಳಿದಿರುವಾಗಲೇ ಇದ್ದ ಶಕ್ತಿಯನ್ನೆಲ್ಲ ಸುರಿದು ನಿಂತುಬಿಟ್ಟಿದ್ದರು. 1976ರ ಒಲಿಂಪಿಕ್ಸ್ ಬಹಿಷ್ಕಾರದಲ್ಲಿ ಹೋಯಿತು. 1980ರಲ್ಲಿ ಮಾಸ್ಕೋಗೆ ಬಂದಾಗ ಅವರ ತಲೆ ಆಗಲೇ ಬೋಳಾಗುತ್ತಿತ್ತು. 10,000 ಮೀಟರ್ ಫೈನಲ್‌ನಲ್ಲಿ ಅವರ ಜೊತೆ ಮೊಹಮ್ಮದ್ ಕೆದಿರ್, ತೊಲೊಸಾ ಕೊಟು ಇದ್ದರು. ಎದುರಿಗೆ ಹಿಂದಿನ ಎರಡು ಒಲಿಂಪಿಕ್ಸ್‌ಗಳ ದೊರೆ, ಫಿನ್‌ಲೆಂಡಿನ ಲಾಸೆ ವೀರೆನ್. ಮೂವರು ಇಥಿಯೋಪಿಯನ್ನರು ಸರದಿಯ ಮೇಲೆ ಮುಂದೆ ಬಂದು ವೇಗವನ್ನು ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು. ವೀರೆನ್‌ಗೆ ಒಂದೇ ಹದದಲ್ಲಿ ಉಸಿರಾಡಲು ಬಿಡಲಿಲ್ಲ. ಮುನ್ನೂರು ಮೀಟರ್ ಉಳಿದಾಗ ಮಿರುಟ್ಸ್ ಹಾರಿದರು. ಮೊದಲನೆಯ, ಮೂರನೆಯ, ನಾಲ್ಕನೆಯ ಸ್ಥಾನ ಇಥಿಯೋಪಿಯಾಕ್ಕೆ, ವೀರೆನ್ ಐದನೆಯವರು. ಕೆಲವೇ ದಿನಗಳ ನಂತರ 5,000 ಮೀಟರ್‌ನಲ್ಲೂ ಹಾಗೆಯೇ. ಕೊನೆಯ ಸುತ್ತಿನಲ್ಲಿ ಮಿರುಟ್ಸ್ ಒಳಗಿನ ಲೇನಿನಲ್ಲಿ ಗುಂಪಿನ ನಡುವೆ ಸಿಕ್ಕಿಬಿದ್ದಾಗ ಕೆದಿರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಆ ಓಟದಲ್ಲಿ ಕೆದಿರ್‌ಗೆ ಪದಕ ಬರಲಿಲ್ಲ. ಈ ಪರಂಪರೆಯ ದೊಡ್ಡತನವನ್ನು ತೋರಿಸುವ ಒಂದೇ ಚಿತ್ರ ಆಯ್ದುಕೊಳ್ಳಿ ಎಂದರೆ ನಾನು ಮಿರುಟ್ಸ್ ಗುರಿ ಮುಟ್ಟಿದ ಚಿತ್ರವನ್ನು ಬಿಟ್ಟು, ಕೆದಿರ್ ಸರಿದುಕೊಂಡ ಆ ಒಂದು ಹೆಜ್ಜೆಯನ್ನು ಆಯ್ದುಕೊಳ್ಳುತ್ತೇನೆ.

ಒಳಲೇನಿನ ಬೆಲೆ ಏನೆಂದು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಗುಂಪಿನ ಹೊರಗೆ, ಒಳಗಿನವನಿಗಿಂತ ಒಂದೇ ಒಂದು ಮೀಟರ್ ಆಚೆ ಓಡುವವನು ಪ್ರತಿ ಸುತ್ತಿಗೆ ಆರು ಮೀಟರ್‌ಗೂ ಹೆಚ್ಚು ದೂರ ಓಡುತ್ತಾನೆ. ಇಪ್ಪತ್ತೈದು ಸುತ್ತೂ ಹಾಗೇ ಓಡಿದರೆ ನೂರೈವತ್ತು ಮೀಟರ್ ದಾಟುತ್ತದೆ. ಒಳಗೇ ಇದ್ದರೆ ದೂರ ಉಳಿಯುತ್ತದೆ, ಮುಂದಿನವನ ಬೆನ್ನು ಗಾಳಿಯನ್ನೂ ತಡೆಯುತ್ತದೆ. ಆದರೆ ನುಗ್ಗಬೇಕಾದ ಗಳಿಗೆಯಲ್ಲಿ ಮುಂದೆ ಬೆನ್ನು, ಪಕ್ಕದಲ್ಲಿ ಭುಜ, ಹೊರಬರಲು ದಾರಿಯೇ ಇರುವುದಿಲ್ಲ. ಕೊನೆಯ ತಿರುವಿನಲ್ಲಿ ಹೊರಗಿನಿಂದ ಹಾದುಹೋಗಲು ಹೊರಟವನು ಆ ತಿರುವೊಂದರಲ್ಲೇ ಮೂರು ಮೀಟರ್ ಕಳೆದುಕೊಳ್ಳುತ್ತಾನೆ. 2000ದ ಸಿಡ್ನಿ ಒಲಿಂಪಿಕ್ಸ್‌ನ 10,000 ಮೀಟರ್‌ನಲ್ಲಿ ಹೈಲೆ ಕೀನ್ಯಾದ ಪೌಲ್ ಟೆರ್ಗಾಟ್ ಅವರನ್ನು ಸೋಲಿಸಿದ್ದು 0.09 ಸೆಕೆಂಡಿನಿಂದ, ಆ ವರ್ಷದ ಪುರುಷರ 100 ಮೀಟರ್ ಫೈನಲ್‌ನ ಅಂತರಕ್ಕಿಂತ ಕಡಿಮೆ. ಇಂಥ ಓಟದಲ್ಲಿ ಮೂರು ಮೀಟರ್ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವಿಶ್ವ 10ಕೆ ಓಟದ ಬೆಳಗ್ಗೆ ರಸ್ತೆ ಬದಿಯಲ್ಲಿ ನಿಂತವರಿಗೆ ಈ ಶಿಸ್ತು ಕಣ್ಣಿಗೆ ಕಟ್ಟುತ್ತದೆ. ಪೂರ್ವ ಆಫ್ರಿಕಾದ ಮುಂಚೂಣಿ ಗುಂಪು ನಮ್ಮೆದುರು ಹಾದುಹೋಗುವುದು ಎರಡು ಮೂರು ಸೆಕೆಂಡ್ ಅಷ್ಟೆ. ಹಿಂದಿರುವವರ ನೋಟ ಅತ್ತಿತ್ತ ಹೊರಳುವುದಿಲ್ಲ. ಮುಂದಿನವನ ಹೆಗಲೆಲುಬುಗಳ ನಡುವೆ ಎಲ್ಲೋ ನೆಟ್ಟಿರುತ್ತದೆ. ಮುಂದಿನವನ ಕಾಲು ಎತ್ತಿದ ಜಾಗಕ್ಕೆ ಹಿಂದಿನವನ ಕಾಲು ಬೀಳುತ್ತದೆ. ಅಷ್ಟು ಹತ್ತಿರದಲ್ಲಿ, ಅಷ್ಟು ವೇಗದಲ್ಲಿ, ಒಬ್ಬರನ್ನೊಬ್ಬರು ಮುಟ್ಟದೆ ಓಡುವುದೇ ಒಂದು ವಿದ್ಯೆ. ಸ್ಟುಟ್‌ಗಾರ್ಟ್‌ನಲ್ಲಿ ಆ ವಿದ್ಯೆ ಒಂದು ಗಳಿಗೆ ತಪ್ಪಿತ್ತು.

ಕಾದು ಗೆಲ್ಲುವುದು ಹೇಡಿತನ ಎನ್ನುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಮುಂದೆ ಓಡುವವನೇ ಶೂರ, ಹಿಂದೆ ಬರುವವನು ಅವನ ಶ್ರಮವನ್ನು ಕದಿಯುತ್ತಾನೆ ಎಂಬುದು ಅವರ ವಾದ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ 10,000 ಮೀಟರ್‌ನಲ್ಲಿ ಇಥಿಯೋಪಿಯಾದ ಡೆರಾರ್ಟು ತುಲು ಮೇಲೆಯೂ ಈ ಆಕ್ಷೇಪ ಬಂತು. ದಕ್ಷಿಣ ಆಫ್ರಿಕಾದ ಎಲಾನಾ ಮೇಯರ್ ಸುತ್ತಿನ ಮೇಲೆ ಸುತ್ತು ಮುಂದೆ ಓಡುತ್ತಿದ್ದರು, ನೀನೂ ಸ್ವಲ್ಪ ಮುಂದೆ ಬಾ ಎಂದು ಸನ್ನೆ ಮಾಡಿದರು. ಡೆರಾರ್ಟು ಕದಲಲಿಲ್ಲ. ಕೊನೆಯ ಸುತ್ತಿನಲ್ಲಿ ಬಿಟ್ಟು ಹೊರಟವರು ಒಲಿಂಪಿಕ್ಸ್ ಚಿನ್ನ ಗೆದ್ದ ಮೊದಲ ಆಫ್ರಿಕನ್ ಕಪ್ಪು ಮಹಿಳೆಯಾದರು. ಆಕ್ಷೇಪದಲ್ಲಿ ಹುರುಳಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಮೇಯರ್‌ಗೆ ತನ್ನ ಕೊನೆಯ ಸುತ್ತಿನ ಮೇಲೆ ಭರವಸೆ ಇರಲಿಲ್ಲ, ಅದಕ್ಕೇ ಮುಂದೆ ಓಡಿದರು. ಅದು ಅವರ ಆಯ್ಕೆ. ಎದುರಾಳಿಯ ಆಯ್ಕೆಗೆ ಹೆಗಲು ಕೊಡಬೇಕೆಂಬ ನಿಯಮ ಯಾವ ಓಟದಲ್ಲೂ ಇಲ್ಲ. ಓಟ ಮುಗಿದ ಮೇಲೆ ಇಬ್ಬರೂ ಕೈ ಹಿಡಿದು ಕ್ರೀಡಾಂಗಣ ಸುತ್ತಿದರು. ವರ್ಣಭೇದದ ಸಂಕೋಲೆಯಿಂದ ಆಗಷ್ಟೇ ಹೊರಬರುತ್ತಿದ್ದ ದೇಶದ ಬಿಳಿಯ ಓಟಗಾರ್ತಿ ಮತ್ತು ಆರ್ಸಿ ಸೀಮೆಯ ಬೆಕೋಜಿಯ ಹುಡುಗಿ. ಯಾರ ಶ್ರಮವನ್ನು ಯಾರೂ ಕದ್ದಂತೆ ಆ ನಡಿಗೆಯಲ್ಲಿ ಕಾಣುವುದಿಲ್ಲ.

ಅದೇ ಬೆಕೋಜಿಯಿಂದ ಕೆನೆನಿಸಾ ಬೆಕೆಲೆ ಬಂದರು. ಪರಂಪರೆಯ ಅತ್ಯುನ್ನತ ಗಳಿಗೆ ಯಾವುದೆಂದರೆ ನಾನು ಸಿಡ್ನಿಯನ್ನು ಹೇಳುವುದಿಲ್ಲ, 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಶಿಪ್‌ನ 10,000 ಮೀಟರ್ ಹೇಳುತ್ತೇನೆ. ಮೊದಲ ಅರ್ಧ 13 ನಿಮಿಷ 52 ಸೆಕೆಂಡಿನ ನೆಮ್ಮದಿಯ ಓಟ. ಆಮೇಲೆ ಹೈಲೆ, ಕೆನೆನಿಸಾ, ಸಿಲೆಷಿ ಸಿಹಿನೆ ಮೂವರೂ ಸೇರಿ ಎಳೆದರು ನೋಡಿ, ಎರಡನೆಯ ಅರ್ಧ ಮುಗಿದದ್ದು 12 ನಿಮಿಷ 57 ಸೆಕೆಂಡಿನಲ್ಲಿ! ಬೇರೆ ಎಷ್ಟೋ ಚಾಂಪಿಯನ್‌ಶಿಪ್‌ಗಳಲ್ಲಿ ಬರೀ 5,000 ಮೀಟರ್ ಓಡಿ ಚಿನ್ನ ಗೆಲ್ಲಲು ಸಾಲುವ ವೇಗ ಅದು. ಒಬ್ಬೊಬ್ಬರಾಗಿ ಉಳಿದವರೆಲ್ಲ ಕಳಚಿಕೊಂಡರು. ಕೊನೆಗೆ ಶಿಷ್ಯ ಕೆನೆನಿಸಾ ಮೊದಲು, ಗುರುಸಮಾನ ಹೈಲೆ ಎರಡನೆಯವರು, ಸಿಲೆಷಿ ಮೂರನೆಯವರು. ಇಲ್ಲಿ ಕೊನೆಯ ಸುತ್ತು ಇತ್ತು ನಿಜ, ಆದರೆ ಅದು ಮನೆಯೊಳಗಿನ ಪಂದ್ಯ. ಹೊರಗಿನವರ ಜೊತೆಗಿನ ಪಂದ್ಯ ಗಂಟೆ ಬಾರಿಸುವ ಎಷ್ಟೋ ಮೊದಲು ಮುಗಿದಿತ್ತು.

ಮರುವರ್ಷ ಅಥೆನ್ಸ್‌ನಲ್ಲಿ ಹೈಲೆ ಗಾಯದ ಕಾಲಿನಲ್ಲಿ ಓಡಿದರು. ಅವರು ಹಿಂದೆ ಬಿದ್ದಾಗ ಕೆನೆನಿಸಾ ಮತ್ತು ಸಿಲೆಷಿ ವೇಗ ತಗ್ಗಿಸಿ, ತಿರುಗಿ ತಿರುಗಿ ನೋಡುತ್ತ ಕಾದರು. ಒಲಿಂಪಿಕ್ಸ್ ಫೈನಲ್‌ನಲ್ಲಿ! ತಂತ್ರದ ಲೆಕ್ಕದಲ್ಲಿ ಇದು ತಪ್ಪು. ಹೈಲೆ ಐದನೆಯವರಾದರು, ಕಾದವರು ಚಿನ್ನ, ಬೆಳ್ಳಿ ಗೆದ್ದರು. ಆ ಓಟವನ್ನು ಎಷ್ಟು ಸಲ ನೋಡಿದರೂ ಆ ತಪ್ಪನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಳಿಜಾರು ಶುರುವಾದದ್ದು ಆಮೇಲೆ. 2012ರ ಲಂಡನ್ ಒಲಿಂಪಿಕ್ಸ್‌ನ 5,000 ಮೀಟರ್ ನೋಡಿ. ಡೆಜೆನ್ ಗೆಬ್ರೆಮೆಸ್ಕೆಲ್ ಒಂದು ತಿಂಗಳ ಹಿಂದಷ್ಟೇ ಪ್ಯಾರಿಸ್‌ನಲ್ಲಿ 12 ನಿಮಿಷ 46.81 ಸೆಕೆಂಡಿನಲ್ಲಿ ಓಡಿದ್ದರು. ಬ್ರಿಟನ್ನಿನ ಮೊ ಫರಾ ಅವರ ಬಲ ಕೊನೆಯ ಎರಡು ಸುತ್ತು ಎಂಬುದು ಇಡೀ ಕ್ರೀಡಾಂಗಣಕ್ಕೆ ಗೊತ್ತಿತ್ತು. ಆದರೂ ಇಥಿಯೋಪಿಯನ್ನರು ಓಟವನ್ನು ತೆವಳಲು ಬಿಟ್ಟರು. ಫರಾ ಗೆದ್ದದ್ದು 13:41.66ರಲ್ಲಿ, ಡೆಜೆನ್ ಮೂರನೇ ಒಂದು ಸೆಕೆಂಡಿನಷ್ಟು ಹಿಂದೆ. ತನ್ನ ಕೈಲಾಗುವುದಕ್ಕಿಂತ ಐವತ್ತೈದು ಸೆಕೆಂಡ್ ನಿಧಾನವಾಗಿ ಓಡಿ ಚಿನ್ನ ಬಿಟ್ಟುಕೊಟ್ಟರು. ಹಿರಿಯರು ಕಾಯುತ್ತಿದ್ದರು ಎಂದು ಇವರೂ ಕಾದರು. ಹಿರಿಯರು ಕಾಯುವಾಗ ಎದುರಾಳಿಯನ್ನು ಸವೆಸುತ್ತಿದ್ದರು ಎಂಬುದನ್ನು ಮರೆತರು. ಫರಾ ಆದರೋ ಇಥಿಯೋಪಿಯಾದ ಪಾಠವನ್ನು ಇಥಿಯೋಪಿಯನ್ನರಿಗಿಂತ ಚೆನ್ನಾಗಿ ಓದಿಕೊಂಡಿದ್ದರು. ಕೊನೆಯ ಸುತ್ತುಗಳಲ್ಲಿ ಒಳಲೇನಿನ ತುದಿಯನ್ನು ಹಿಡಿದು, ಪಕ್ಕಕ್ಕೆ ಬಂದವರು ಪ್ರತಿ ತಿರುವಿನಲ್ಲೂ ಆ ಹೆಚ್ಚಿನ ಮೀಟರ್‌ಗಳ ತೆರಿಗೆ ಕಟ್ಟುವಂತೆ ಮಾಡುತ್ತಿದ್ದರು.

ಫರಾ ಅವರನ್ನು ಮಣಿಸಿದ್ದು ಹಳೆಯ ಪಾಠವೇ. 2017ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್‌ನ 5,000 ಮೀಟರ್‌ನಲ್ಲಿ ಇಥಿಯೋಪಿಯಾದ ಯೊಮಿಫ್ ಕೆಜೆಲ್ಚಾ, ಸೆಲೆಮನ್ ಬರೇಗಾ, ಮುಕ್ತಾರ್ ಎದ್ರಿಸ್ ಒಂದಾಗಿ ಓಡಿದರು. ಕೆಜೆಲ್ಚಾ ಮುಂದೆ ನಿಂತು ಆ ತುದಿಯನ್ನು ಫರಾಗೆ ಬಿಟ್ಟುಕೊಡಲಿಲ್ಲ. ಎದ್ರಿಸ್ ಗೆದ್ದರು, ಫರಾ ಎರಡನೆಯವರು, ಭಾರ ಹೊತ್ತ ಕೆಜೆಲ್ಚಾ ಪದಕವಿಲ್ಲದೆ ನಾಲ್ಕನೆಯವರು. ಮೂವತ್ತೇಳು ವರ್ಷಗಳ ನಂತರ ಕೆದಿರ್‌ನ ಕೆಲಸ ಮಾಡಿದವರು ಅವರು.

ಮಹಿಳೆಯರ ಪೈಕಿ ಅಲ್ಮಾಜ್ ಅಯಾನಾ ಬೇರೆಯದೇ ದಾರಿ ಹಿಡಿದರು. 2016ರ ರಿಯೋದಲ್ಲಿ 10,000 ಮೀಟರ್‌ನ ಅರ್ಧ ದಾರಿಯ ನಂತರ ಒಂಟಿಯಾಗಿ ಹೊರಟು 29:17.45ರಲ್ಲಿ ಮುಗಿಸಿದರು, 1993ರಿಂದ ಅಲ್ಲಾಡದಿದ್ದ ವಿಶ್ವದಾಖಲೆ ಹದಿನಾಲ್ಕು ಸೆಕೆಂಡಿನಿಂದ ಮುರಿಯಿತು. ಒಂದೇ ವಾರದಲ್ಲಿ 5,000 ಮೀಟರ್‌ನಲ್ಲೂ ಹಾಗೇ ಹೊರಟರು. ಈ ಸಲ ಕೀನ್ಯಾದ ವಿವಿಯನ್ ಚೆರುಯಿಯೊಟ್, ಹೆಲೆನ್ ಒಬಿರಿ ಬೆನ್ನಟ್ಟಿ ಹಿಡಿದರು. ಅಷ್ಟು ದೊಡ್ಡ ಶಕ್ತಿಯೂ ಒಂಟಿಯಾಗಿ ಎರಡು ಸಲ ಸಾಲಲಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ 10,000 ಮೀಟರ್ ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಅಲ್ಲಿ ಇಥಿಯೋಪಿಯನ್ನರು ಸುಮ್ಮನೆ ಕಾಯಲಿಲ್ಲ. ಬೆರಿಹು ಅರೆಗಾವಿ, ಕೆಜೆಲ್ಚಾ, ಬರೇಗಾ ಸರದಿಯಲ್ಲಿ ಮುಂದೆ ಬಂದು ಓಟವನ್ನು ಬಿರುಸಾಗಿ ಎಳೆದರು. ಆದರೂ ಉಗಾಂಡಾದ ಜೋಶುವಾ ಚೆಪ್ಟೆಗೈ 26:43.14ರ ಒಲಿಂಪಿಕ್ಸ್ ದಾಖಲೆಯೊಂದಿಗೆ ಗೆದ್ದರು. ಅರೆಗಾವಿಗೆ ಬೆಳ್ಳಿ. ಎಡವಿದ್ದೆಲ್ಲಿ? ಅವರ ವೇಗ ಬಿರುಸಾಗಿತ್ತು, ಆದರೆ ಒಂದೇ ಸಮನಾಗಿತ್ತು. ಸಮನಾದ ವೇಗ ಹಿಂದಿರುವ ಬಲಶಾಲಿಗೆ ಪೇಸರ್, ಅಂದರೆ ವೇಗ ಹಿಡಿದುಕೊಡುವ ಓಟಗಾರನನ್ನು, ಇಟ್ಟುಕೊಟ್ಟಂತೆ. ಮಾಸ್ಕೋದಲ್ಲಿ ವೀರೆನ್‌ನ ಕಾಲು ಸೋತದ್ದು ಏರಿಳಿತಕ್ಕೆ. ಟ್ರ್ಯಾಕಿನ ಅಂಚಿನಲ್ಲಿ ಓಡುವ ದೀಪಗಳು ವೇಗ ತೋರಿಸುವ ದಾಖಲೆಯ ಓಟಗಳಲ್ಲೇ ಬೆಳೆದ ಪೀಳಿಗೆ ಇದು. 2020ರಲ್ಲಿ ಕೆನೆನಿಸಾ ಅವರ 5,000 ಮತ್ತು 10,000 ಮೀಟರ್ ವಿಶ್ವದಾಖಲೆಗಳನ್ನು ಚೆಪ್ಟೆಗೈ ಅಳಿಸಿದ್ದೂ ಅಂಥ ದೀಪಗಳ ಜೊತೆ ಓಡಿಯೇ. ಆ ಓಟಗಳು ಕಾಲಿಗೆ ಕಲಿಸುವುದು ಸಮತೆಯನ್ನು. ವೇಗವನ್ನು ಮುರಿದು ಇನ್ನೊಬ್ಬನನ್ನು ಮುರಿಯುವ ಹಳೆಯ ವಿದ್ಯೆಗೆ ಅಲ್ಲಿ ಜಾಗವಿಲ್ಲ.

ಇನ್ನು 2025ರ ಸೆಪ್ಟೆಂಬರ್, ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್. ಸೆಕೆಯ ರಾತ್ರಿ, 10,000 ಮೀಟರ್ ಫೈನಲ್. ಯಾರೂ ಎಳೆಯಲಿಲ್ಲ. ಯಾರೂ ಏರಿಸಲಿಲ್ಲ, ಇಳಿಸಲಿಲ್ಲ. ದೊಡ್ಡ ಗುಂಪು ಗುಂಪಾಗಿಯೇ ಕೊನೆಯ ಸುತ್ತಿಗೆ ಬಂತು. ಕೊನೆಯ ನೇರ ದಾರಿಯಲ್ಲಿ ಮುಂದಿದ್ದವರು, 2017ರಲ್ಲಿ ಇನ್ನೊಬ್ಬರಿಗಾಗಿ ಭಾರ ಹೊತ್ತಿದ್ದ ಅದೇ ಕೆಜೆಲ್ಚಾ. ಈ ಸಲ ಅವರ ಪಕ್ಕದಲ್ಲಿ ದಾರಿ ಕಾಯುವ ಕೆದಿರ್ ಇರಲಿಲ್ಲ. ಹೊರಗಿನಿಂದ ಫ್ರಾನ್ಸಿನ ಜಿಮ್ಮಿ ಗ್ರೆಸಿಯೆ ಬಂದರು. 28:55.77. ಕೆಜೆಲ್ಚಾ 28:55.83, ತಮ್ಮದೇ ಅತ್ಯುತ್ತಮ ಓಟಕ್ಕಿಂತ ಎರಡು ನಿಮಿಷಕ್ಕೂ ಹೆಚ್ಚು ನಿಧಾನವಾಗಿ.