ನಮ್ಮ ಸೀಮೆಯ ಭಯಂಕರ ಕವಿ ಜನ್ನ

ಎಡ್ಗರ್ ಅಲನ್ ಪೋ ಹುಟ್ಟಿದ್ದು 1809ರ ಜನವರಿಯಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ. ಅದಕ್ಕೆ ಸರಿಯಾಗಿ ಆರು ನೂರು ವರ್ಷ ಮೊದಲು, 1209ರಲ್ಲಿ, ಹೊಯ್ಸಳರ ಆಸ್ಥಾನದಲ್ಲಿದ್ದ ಜನ್ನ ‘ಯಶೋಧರ ಚರಿತೆ’ ಬರೆದ. ನಡುರಾತ್ರಿಯ ಅರಮನೆ, ಕದ್ದು ಹೊರಡುವ ರಾಣಿ, ವಿಷದೂಟ, ನರಬಲಿ ಬೇಡುವ ದೇವತೆ, ಸತ್ತವರು ಬೇರೆ ಬೇರೆ ಮೈ ತೊಟ್ಟು ಅದೇ ಮನೆಗೆ ಮರಳುವುದು, ಎಲ್ಲವೂ ಅದರಲ್ಲಿವೆ. ಪೋ ಬರೆದ ಕತೆಗಳನ್ನು ಕಾಲೇಜಿನಲ್ಲಿ ಓದಿ ಬೆಚ್ಚಿದವರು ಹಾಸನ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಷ್ಟೇ ಬೆಚ್ಚಿಸಬಲ್ಲ ಕವಿ ದೋರಸಮುದ್ರದಲ್ಲಿ ಓಡಾಡಿಕೊಂಡಿದ್ದ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಪರೀಕ್ಷೆಯ ಪ್ರಶ್ನೆಯಾಗಿ ಮಾತ್ರ ನೆನಪಿದೆ.

ಇಂಥ ಭಯದ ಬರಹಕ್ಕೆ ಗಾಥಿಕ್ ಎಂಬ ಹೆಸರಿದೆ. ಗಾಥಿಕ್ ಅಂದರೆ ನಮ್ಮ ಕಡೆಯವರಿಗೆ ಮೊದಲು ಹೊಳೆಯುವುದು ಶೆಟ್ಟಿಹಳ್ಳಿಯ ಚರ್ಚು. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಆ ಕಟ್ಟಡ ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಇಂಥ ಪಾಳು ಕಟ್ಟಡಗಳ ಮೋಹದಿಂದಲೇ ಇಂಗ್ಲೆಂಡಿನಲ್ಲಿ ಒಂದು ಬಗೆಯ ಕಾದಂಬರಿ ಹುಟ್ಟಿತು. ಸ್ಟ್ರಾಬೆರಿ ಹಿಲ್‌ನಲ್ಲಿದ್ದ ತನ್ನ ಮನೆಯನ್ನೇ ಗಾಥಿಕ್ ಶೈಲಿಗೆ ತಿರುಗಿಸಿಕೊಂಡ ಹೊರೇಸ್ ವಾಲ್‌ಪೋಲ್ 1764ರಲ್ಲಿ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ ಪ್ರಕಟಿಸಿದ. ಮರುವರ್ಷದ ಎರಡನೆಯ ಮುದ್ರಣದಲ್ಲಿ ಅದನ್ನು ಗಾಥಿಕ್ ಕತೆ ಎಂದು ಕರೆದ. ಹೆಸರು ಬಂದದ್ದು ಹೀಗೆ. ಸರಕು ಮಾತ್ರ ಅದಕ್ಕಿಂತ ಬಹಳ ಹಳೆಯದು. ಜನ್ನನನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜನ್ನ ವಿದ್ವಾಂಸರ ಮನೆಯ ಹುಡುಗ. ತಂದೆ ಶಂಕರ, ಸುಮನೋಬಾಣ ಎಂಬ ಬಿರುದಿನಿಂದ ಹೆಸರಾದವನು; ತಾಯಿ ಗಂಗಾದೇವಿ. ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನ ಅವನ ಭಾವ. ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಸೋದರಳಿಯ. ಒಂದೇ ಮನೆತನದಿಂದ ಕವಿ, ಸಂಕಲನಕಾರ, ವೈಯಾಕರಣ ಮೂವರೂ ಬಂದ ಉದಾಹರಣೆ ಕನ್ನಡದಲ್ಲಿ ಅಪರೂಪ. ಹೊಯ್ಸಳ ದೊರೆ ವೀರಬಲ್ಲಾಳ ಜನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟ. ಪೊನ್ನ, ರನ್ನರ ಸಾಲಿಗೆ ಸೇರಿಸುವ ಬಿರುದು ಅದು. ದಂಡನಾಯಕನಾಗಿ, ಮಂತ್ರಿಯಾಗಿಯೂ ಇದ್ದವನೆಂದು ಜನ್ನ ತನ್ನ ಬಗ್ಗೆ ತಾನೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಕತ್ತಿ ಹಿಡಿದವರನ್ನು ಹತ್ತಿರದಿಂದ ಕಂಡವನಿಗೆ ರಕ್ತ ವರ್ಣಿಸುವಾಗ ಪುಸ್ತಕ ತೆರೆದು ನೋಡುವ ಅಗತ್ಯ ಬೀಳಲಿಲ್ಲವೇನೋ.

ಅವನ ಬರಹದ ಕುರುಹು ಕಲ್ಲಿನಲ್ಲೂ ಉಳಿದಿದೆ. 1191ರ ಚನ್ನರಾಯಪಟ್ಟಣದ ಶಾಸನವೊಂದು, 1197ರ ತರೀಕೆರೆಯ ಶಾಸನವೊಂದು ಜನ್ನನ ರಚನೆಗಳು. ಎಂದರೆ ಕಾವ್ಯಕ್ಕೆ ಕೈ ಹಾಕುವ ಹೊತ್ತಿಗೆ ಅವನು ಶಾಸನಕವಿಯಾಗಿ ಪಳಗಿದ್ದ. ದೋರಸಮುದ್ರದ ವಿಜಯಪಾರ್ಶ್ವ ಬಸದಿಗೆ ಬಾಗಿಲನ್ನು ಮಾಡಿಸಿದವನೂ ಇವನೇ. ವಿಷ್ಣುವರ್ಧನನ ಕಾಲದಲ್ಲಿ, 1133ರಲ್ಲಿ ಎದ್ದ ಆ ಬಸದಿ ಇಂದಿನ ಹಳೇಬೀಡಿನ ಬಸ್ತಿಹಳ್ಳಿಯಲ್ಲಿದೆ. ಒಳಗಿನ ಕಡೆದ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಹೊಯ್ಸಳೇಶ್ವರ ನೋಡಲು ಬರುವ ಬಸ್ಸುಗಳಲ್ಲಿ ಬಹುಪಾಲು ಇಲ್ಲಿಯವರೆಗೆ ಬರುವುದೇ ಇಲ್ಲ.

ಇನ್ನು ಕಾವ್ಯ. ‘ಯಶೋಧರ ಚರಿತೆ’ಯ ಕತೆ ಜನ್ನನ ಸ್ವಂತದ್ದಲ್ಲ. ಸೋಮದೇವ, ಪುಷ್ಪದಂತ, ವಾದಿರಾಜರು ಆಗಲೇ ಹೇಳಿದ್ದ ಜೈನ ಕತೆ. ಜನ್ನ ಹೆಚ್ಚಾಗಿ ನಂಬಿಕೊಂಡದ್ದು ವಾದಿರಾಜನ ಸಂಸ್ಕೃತ ಕಾವ್ಯವನ್ನು. ಆದರೆ ಓದುಗನ ಮೈ ನಡುಗಿಸುವ ಕಸುಬು ಅವನದೇ. ಮಾರಿದತ್ತ ಎಂಬ ಅರಸ ಚಂಡಮಾರಿಯ ಜಾತ್ರೆಗೆ ಪ್ರಾಣಿಪಕ್ಷಿಗಳನ್ನೆಲ್ಲ ಜೋಡಿ ಜೋಡಿಯಾಗಿ ಕೂಡಿಸಿದ್ದಾನೆ. ಮನುಷ್ಯರ ಜೋಡಿಯೊಂದು ಬೇಕು. ತಳವಾರ ಹಿಡಿದು ತಂದದ್ದು ಇನ್ನೂ ಎಳೆಯರಾದ ಅಣ್ಣ ತಂಗಿಯರನ್ನು, ಅಭಯರುಚಿ ಮತ್ತು ಅಭಯಮತಿಯನ್ನು.

ಜಾತ್ರೆ ನಡೆಯುವುದು ವಸಂತದಲ್ಲಿ. ಬೇರೆ ಕವಿಗಳಾದರೆ ಕೋಗಿಲೆ, ಮಾವಿನ ಚಿಗುರು, ತಂಗಾಳಿ ಎಂದು ಶುರು ಮಾಡುತ್ತಿದ್ದರು. ಜನ್ನನ ವಸಂತ ಶಿಶಿರವನ್ನು ಹರಕೆಗೆ ಹಿಡಿದು ತಂದು ಮಾವಿನ ಮರದ ಬುಡದಲ್ಲಿ ಕಡಿದು ಹಾಕುತ್ತಾನೆ. ಕೆಂಪಗೆ ಬಿರಿಯುತ್ತಿರುವ ಮುತ್ತುಗದ ಮೊಗ್ಗುಗಳು ಸಣ್ಣಗೆ ಕೊಚ್ಚಿದ ಮಾಂಸದಂತೆ ಕಾಣುತ್ತವೆ. ಫೆಬ್ರವರಿ, ಮಾರ್ಚಿನಲ್ಲಿ ಮುತ್ತುಗ ಹೂ ಬಿಟ್ಟದ್ದನ್ನು ಕಂಡವರು ಈ ಪದ್ಯ ಓದಿದ ಮೇಲೆ ಆ ಮರವನ್ನು ಮೊದಲಿನ ಕಣ್ಣಿನಿಂದ ನೋಡಲಾರರು. ನರಬಲಿ ಇನ್ನೂ ನಡೆದೇ ಇಲ್ಲ, ಅಷ್ಟರಲ್ಲೇ ಇಡೀ ತೋಪಿಗೆ ರಕ್ತದ ವಾಸನೆ ಹತ್ತಿರುತ್ತದೆ.

ಕತ್ತಿಯ ಮುಂದೆ ನಿಂತ ಅಭಯರುಚಿಗೆ ಭಯವಿಲ್ಲ. ಅವನು ಹೇಳುವ ಹಿಂದಿನ ಜನ್ಮಗಳ ಕತೆಯೇ ಕಾವ್ಯದ ಮುಖ್ಯ ಭಾಗ. ಉಜ್ಜಯಿನಿಯ ಅರಸ ಯಶೋಧರನ ಮಗ್ಗುಲಲ್ಲಿ ಮಲಗಿದ್ದ ರಾಣಿ ಅಮೃತಮತಿಗೆ ಇರುಳಿನಲ್ಲಿ ಒಂದು ಹಾಡು ಕೇಳುತ್ತದೆ. ಹಾಡುತ್ತಿರುವವನು ಆನೆಯ ಲಾಯದ ಮಾವಟಿಗ. ಮುಖ ನೋಡುವ ಮೊದಲೇ ಮನಸ್ಸು ಹೋಗಿದೆ. ನೋಡಿ ಬಂದ ಕೆಲಸದಾಕೆ ಅವನ ಕುಳಿಬಿದ್ದ ಹಣೆ, ಕೆಟ್ಟ ಕಣ್ಣು, ಗೂನು ಬೆನ್ನುಗಳನ್ನು ಒಂದೊಂದಾಗಿ ಎಣಿಸಿ ಹೇಳಿದರೂ ರಾಣಿ ಹಿಂದೆ ಸರಿಯುವುದಿಲ್ಲ. ಒಲವಿಗೆ ರೂಪದ ಹಂಗೇಕೆ ಎನ್ನುವುದು ಅವಳ ವಾದ.

ಕೊಣನೂರಿನ ಆಸುಪಾಸಿನವರಿಗೆ ಈ ಘಟನೆ ಬೇಗ ಅರ್ಥವಾಗಬೇಕು. ಹತ್ತಿರದಲ್ಲೇ ಇರುವ ರುದ್ರಪಟ್ಟಣ ಕಾವೇರಿ ದಡದ ಸಂಗೀತಗಾರರ ಊರು, ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು ಬಂದದ್ದು ಅಲ್ಲಿಂದ. ಹಾಡುವವನು ಯಾರೆಂದು ಗೊತ್ತಿಲ್ಲದಿದ್ದರೂ ಹೊಳೆಯ ಆಚೆಯಿಂದ ಬಂದ ದನಿಯೊಂದು ಕೇಳುವವರನ್ನು ನಿಂತಲ್ಲೇ ಹಿಡಿದು ನಿಲ್ಲಿಸಬಲ್ಲದೆಂದು ಆ ಕಡೆಯವರಿಗೆ ಹೊಸದಾಗಿ ಕಲಿಸಬೇಕಿಲ್ಲ. ಜನ್ನ ಗೆದ್ದಿರುವುದು ಇಲ್ಲಿಯೇ. ಕಾಮ ಕಣ್ಣಿನಿಂದ ಹುಟ್ಟುತ್ತದೆ ಎಂಬ ಕಾವ್ಯಗಳ ರೂಢಿಯನ್ನು ಬಿಟ್ಟು ಅವನು ಅದನ್ನು ಕಿವಿಯಿಂದ ಹುಟ್ಟಿಸಿದ. ಕತ್ತಲಲ್ಲೂ ಕೆಲಸ ಮಾಡುವ ಇಂದ್ರಿಯ ಅದು ತಾನೇ.

ಮುಂದಿನದು ಇನ್ನೂ ಕಠೋರ. ತಡವಾಗಿ ಬಂದ ರಾಣಿಯನ್ನು ಮಾವಟಿಗ ಜುಟ್ಟು ಹಿಡಿದು ಹೊಡೆಯುತ್ತಾನೆ. ಅವಳು ಅವನ ಕಾಲಿಗೆ ಬೀಳುತ್ತಾಳೆ. ಹಿಂದೆಯೇ ಬಂದ ಯಶೋಧರ ಕತ್ತಿ ಎತ್ತಿದವನು ಹೊಡೆಯದೆ ಮರಳುತ್ತಾನೆ. ಬೆಳಗಾದ ಮೇಲೆ ಸರಸಕ್ಕೆಂಬಂತೆ ಅರಸ ನೈದಿಲೆಯಿಂದ ಮೆಲ್ಲಗೆ ತಟ್ಟಿದರೆ ರಾಣಿ ಮೂರ್ಛೆ ಬಿದ್ದವಳಂತೆ ಒರಗುತ್ತಾಳೆ! ಇರುಳು ಬಾಸುಂಡೆ ಸಹಿಸಿದ ಮೈ ಹಗಲು ಹೂವಿಗೆ ಕುಸಿಯಿತು. ಗೊತ್ತಿದ್ದೂ ಗೊತ್ತಿಲ್ಲದವನಂತೆ ನಿಂತ ಗಂಡ, ಗೊತ್ತಿಲ್ಲವೆಂದು ನಂಬಿ ನಟಿಸುವ ಹೆಂಡತಿ. ಇಲ್ಲಿ ಕವಿ ದನಿ ಏರಿಸುವುದಿಲ್ಲ, ಬಯ್ಯುವುದೂ ಇಲ್ಲ. ಈ ತಣ್ಣನೆಯ ವ್ಯಂಗ್ಯವನ್ನು ಓದುವಾಗ ಬೆನ್ನಲ್ಲಿ ಚಳಿ ಹುಟ್ಟುತ್ತದೆ.

ಕಂಡದ್ದನ್ನು ಹೇಳಲಾರದೆ ಯಶೋಧರ ತಾಯಿ ಚಂದ್ರಮತಿಗೆ ಅದೊಂದು ಕೆಟ್ಟ ಕನಸು ಎನ್ನುತ್ತಾನೆ. ತಾಯಿಗೆ ಅದು ಅಪಶಕುನ. ಮಾರಿಗೆ ಬಲಿ ಕೊಡು ಎಂದು ಹಟ ಹಿಡಿಯುತ್ತಾಳೆ. ಮಗ ಜೀವ ತೆಗೆಯಲು ಒಪ್ಪುವುದಿಲ್ಲ. ಕೊನೆಗೆ ರಾಜಿಯಾಗಿ ಹಿಟ್ಟಿನಿಂದ ಹುಂಜ ಮಾಡಿ ಕಡಿಯುತ್ತಾರೆ. ಅದರ ಚೆಲುವಿಗೆ ಸೋತು ಬೆಂತರವೊಂದು ಒಳಗೆ ಸೇರಿಕೊಂಡಿರುತ್ತದೆ. ಕತ್ತಿ ಬಿದ್ದೊಡನೆ ಹಿಟ್ಟಿನ ಹುಂಜ ಕೂಗುತ್ತದೆ.

ಕನ್ನಡ ಕಾವ್ಯದಲ್ಲಿ ಇದಕ್ಕಿಂತ ಭಯಾನಕವಾದ ಸದ್ದನ್ನು ಹುಡುಕುವುದು ಕಷ್ಟ. ಕೊಂದದ್ದು ಹಿಟ್ಟನ್ನೇ, ಆದರೆ ಕೊಲ್ಲಬೇಕೆಂದು ಕತ್ತಿ ಎತ್ತಿದ್ದು ಸುಳ್ಳಲ್ಲ. ಜೈನರು ಸಂಕಲ್ಪ ಹಿಂಸೆ ಎನ್ನುವ ಈ ತತ್ವವನ್ನು ಜನ್ನ ಉಪದೇಶವಾಗಿ ಹೇಳದೆ ಒಂದು ಕೂಗಾಗಿ ಕೇಳಿಸಿದ. ನಮ್ಮಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾಯ್ದೆ ಬಂದದ್ದು 1959ರಲ್ಲಿ. ಆದರೆ ಆಯುಧಪೂಜೆಯ ದಿನ ಬಲಿಯ ಬದಲಿಗೆ ಬಸ್ಸಿನ ಮುಂದೆ ಕುಂಕುಮ ತುಂಬಿದ ಬೂದುಗುಂಬಳವನ್ನು ಒಡೆದಾಗ ರಸ್ತೆಯಲ್ಲಿ ಹರಡುವ ಕೆಂಪಿನ ಬಗ್ಗೆ ಎಂಟು ಶತಮಾನದ ಹಿಂದೆಯೇ ಒಬ್ಬ ಕವಿ ಪ್ರಶ್ನೆ ಎತ್ತಿದ್ದ.

ಆಮೇಲೆ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ತಾಯಿ ಮಗ ಇಬ್ಬರೂ ಜನ್ಮದಿಂದ ಜನ್ಮಕ್ಕೆ ಅಲೆಯುತ್ತಾರೆ. ಮಗ ನವಿಲಾಗಿ ತನ್ನದೇ ಅರಮನೆಗೆ ಬರುತ್ತಾನೆ. ತಾಯಿ ನಾಯಿಯಾಗಿ ಅಲ್ಲಿಗೇ ಬಂದು ಆ ನವಿಲನ್ನು ಕಚ್ಚಿ ಕೊಲ್ಲುತ್ತಾಳೆ. ಮೀನು, ಮೊಸಳೆ, ಮೇಕೆ, ಕೋಣ, ಕೋಳಿ, ಹೀಗೆ ಸಾಗಿ ಕೊನೆಗೆ ಇಬ್ಬರೂ ಯಶೋಧರನ ಮಗ ಯಶೋಮತಿಗೇ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ಅವರೇ ಈಗ ಮಾರಿದತ್ತನ ಕತ್ತಿಯ ಮುಂದೆ ನಿಂತಿರುವ ಅಭಯರುಚಿ, ಅಭಯಮತಿ.

ಗಾಥಿಕ್ ಕಾದಂಬರಿಯ ಬೇರು ಹಿರಿಯರ ಪಾಪ ಕಿರಿಯರನ್ನು ಬಿಡದು ಎಂಬ ನಂಬಿಕೆಯಲ್ಲಿದೆ. ಒಟ್ರಾಂಟೊ ಕೋಟೆ ಕುಸಿಯುವುದು ಅಜ್ಜನ ಕಾಲದ ಅನ್ಯಾಯಕ್ಕೆ. ಪೋ ಬರೆದ ‘ಮೊರೆಲ್ಲಾ’ದಲ್ಲಿ ಸತ್ತ ತಾಯಿ ಮಗಳ ಮೈಯಲ್ಲಿ ಮರಳುತ್ತಾಳೆ. ಜನ್ನ ಇವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ: ಪಾಪ ಮಾಡಿದ ಅಜ್ಜ, ಅದನ್ನು ಉಣ್ಣುವ ಮೊಮ್ಮಗ ಇಬ್ಬರೂ ಇಲ್ಲಿ ಒಬ್ಬನೇ. ದೂರಲು ಇನ್ನೊಬ್ಬರಿಲ್ಲ. ಪಾಳು ಕೋಟೆಯಿಂದ ಓಡಿ ಹೋಗಬಹುದು, ತನ್ನಿಂದ ತಾನು ಓಡಿ ಹೋಗುವುದೆಲ್ಲಿಗೆ?

ಇಷ್ಟೆಲ್ಲ ನಡೆಯುವುದು ಮುನ್ನೂರು ಚಿಲ್ಲರೆ ಪದ್ಯಗಳಲ್ಲಿ. ದೊಡ್ಡ ದೊಡ್ಡ ಚಂಪೂ ಕಾವ್ಯಗಳ ಕಾಲದಲ್ಲಿ ಜನ್ನ ನಾಲ್ಕು ಅವತಾರಗಳ, ಅಂದರೆ ನಾಲ್ಕು ಅಧ್ಯಾಯಗಳ, ಪುಟ್ಟ ಕಾವ್ಯ ಬರೆದ. ಅದೂ ಹೆಚ್ಚುಕಡಿಮೆ ಪೂರ್ತಿಯಾಗಿ ಕಂದದಲ್ಲಿ. ನಾಲ್ಕು ಸಾಲಿಗೆ 64 ಮಾತ್ರೆ, ಅಷ್ಟೇ ಜಾಗ. ಒಂದು ಮತ್ತು ಮೂರನೆಯ ಸಾಲು ಗಿಡ್ಡ, ಎರಡು ಮತ್ತು ನಾಲ್ಕನೆಯದು ಉದ್ದ. ಗಿಡ್ಡ ಸಾಲಿನಲ್ಲಿ ಉಸಿರು ಹಿಡಿದು ಉದ್ದ ಸಾಲಿನಲ್ಲಿ ಏಟು ಕೊಡುವುದಕ್ಕೆ ಹೇಳಿ ಮಾಡಿಸಿದ ಛಂದಸ್ಸು. ಒಂದೇ ಸಲ ಕೂತು ಓದಿ ಮುಗಿಸಲಾಗದ ಕೃತಿ ಪರಿಣಾಮ ಕಳೆದುಕೊಳ್ಳುತ್ತದೆ ಎಂದು ಪೋ 1846ರ ಪ್ರಬಂಧವೊಂದರಲ್ಲಿ ವಾದಿಸಿದ. ‘ಯಶೋಧರ ಚರಿತೆ’ ಒಂದು ಸಂಜೆಗೆ ಮುಗಿಯುತ್ತದೆ.

ಕೊರತೆ ಇಲ್ಲವೆಂದಲ್ಲ. ಅಮೃತಮತಿಯನ್ನು ಅಷ್ಟು ಜೀವಂತವಾಗಿ ಚಿತ್ರಿಸಿದ ಕವಿ ಅವಳಿಗೆ ಕುಷ್ಠ ಬರಿಸಿ ನರಕಕ್ಕೆ ತಳ್ಳಿ ಕೈ ತೊಳೆದುಕೊಳ್ಳುತ್ತಾನೆ. ಜನ್ಮಗಳ ಭಾಗ ಓಡುವ ವೇಗಕ್ಕೆ ಒಂದೆರಡು ಕಡೆ ಪಟ್ಟಿ ಓದಿದಂತಾಗುತ್ತದೆ. 1230ರ ‘ಅನಂತನಾಥ ಪುರಾಣ’ದಲ್ಲಿ ಅವನ ಕೈ ಮತ್ತೆ ಬಿಗಿಯಾಗುವುದು ಚಂಡಶಾಸನನ ಕತೆಯಲ್ಲಿ. ಗೆಳೆಯ ವಸುಷೇಣನ ಮನೆಗೆ ಬಂದ ಚಂಡಶಾಸನ ಗೆಳೆಯನ ಹೆಂಡತಿ ಸುನಂದೆಯನ್ನು ಹೊತ್ತೊಯ್ಯುತ್ತಾನೆ. ಒಲಿಯದ ಅವಳಿಗೆ, ಗಂಡನದೇ ಎಂದು ನಂಬುವಂಥ ಕಡಿದ ತಲೆಯೊಂದನ್ನು ತೋರಿಸುತ್ತಾನೆ. ಅವಳು ಅಲ್ಲೇ ಪ್ರಾಣ ಬಿಡುತ್ತಾಳೆ. ಚಂಡಶಾಸನ ಅವಳ ಚಿತೆಯನ್ನು ತಾನೂ ಏರುತ್ತಾನೆ. ದುಷ್ಟನ ಪ್ರೀತಿಯೂ ಪ್ರೀತಿಯೇ ಅಲ್ಲವೇ ಎಂಬ ಇಕ್ಕಟ್ಟಿಗೆ ಓದುಗನನ್ನು ಸಿಕ್ಕಿಸಿ ಕವಿ ಸುಮ್ಮನಾಗುತ್ತಾನೆ. ಈ ಭಾಗವನ್ನು ಟಿ.ಆರ್.ಎಸ್. ಶರ್ಮ ಇಂಗ್ಲಿಷಿಗೆ ತಂದರು. 1994ರಲ್ಲಿ ಪೆಂಗ್ವಿನ್ ಪ್ರಕಟಿಸಿತು.

ಜನ್ನನ ಅತ್ಯಂತ ಗಟ್ಟಿ ಉತ್ತರಾಧಿಕಾರಿ ಒಬ್ಬ ನಾಟಕಕಾರ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ 1980ರಲ್ಲಿ ಬಂತು. ಜನ್ಮಜನ್ಮಾಂತರಗಳನ್ನೆಲ್ಲ ಬಿಟ್ಟು ಅವರು ರಾಜ, ರಾಣಿ, ರಾಜಮಾತೆ, ಮಾವಟಿಗ ನಾಲ್ವರನ್ನು ಒಂದೇ ರಾತ್ರಿಯೊಳಗೆ ಕೂಡಿಹಾಕಿದರು. ಜನ್ನ ನರಕಕ್ಕೆ ಕಳಿಸಿದ ರಾಣಿಗೆ ತನ್ನ ಮಾತು ಹೇಳಲು ಅವಕಾಶ ಕೊಟ್ಟರು. ಅದೇ ನಾಟಕ ‘ಬಲಿ’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂದು 2002ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ರಂಗಮಂದಿರದಲ್ಲಿ ಪ್ರದರ್ಶನ ಕಂಡಿತು. ವಾಲ್‌ಪೋಲ್ ಹುಟ್ಟಿದ ದೇಶದ ಪ್ರೇಕ್ಷಕರಿಗೆ ದೋರಸಮುದ್ರದ ಕವಿ ಕಟ್ಟಿದ ಕತೆ ಹೀಗೆ ಮುಟ್ಟಿತು.

ಹಳಗನ್ನಡವೆಂದರೆ ಹೆದರುವವರು ಎರಡನೆಯ ಅವತಾರದಿಂದ, ಮಾವಟಿಗನ ಹಾಡಿನಿಂದ ಶುರು ಮಾಡಲಿ. ಮೊದಲು ಗಟ್ಟಿಯಾಗಿ ಓದಿ, ಅರ್ಥವನ್ನು ಆಮೇಲೆ ನೋಡಲಿ. ಗಮಕಿಗಳು ಸಿಕ್ಕರೆ ಇನ್ನೂ ಒಳ್ಳೆಯದು. ಕೊಣನೂರು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಶಾಲೆ ಕಾಲೇಜುಗಳು ಕುಮಾರವ್ಯಾಸನ ವಾಚನ ಏರ್ಪಡಿಸುವಾಗ ಒಂದು ಸಂಜೆಯನ್ನು ಜನ್ನನಿಗೂ ಮೀಸಲಿಡಬೇಕು. ಚನ್ನರಾಯಪಟ್ಟಣದಲ್ಲಿ ಕವಿಚಕ್ರವರ್ತಿಯ ಹೆಸರಿನ ಒಂದು ಫಲಕವಾದರೂ ಏಳಬೇಕು. 1191ರಷ್ಟು ಹಿಂದೆಯೇ ಆ ಸೀಮೆಯ ಕಲ್ಲಿಗೆ ಪದ್ಯ ಕೊಟ್ಟವನಿಗೆ ಅದು ದೊಡ್ಡ ಖರ್ಚೇನೂ ಅಲ್ಲ.