ಕಲಿತ ಮೇಲೆ ಬನ್ನಿ ಎನ್ನುವವರಿಗೆ

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆ ನಾದಕ್ಕೆ ಬಡವಾದದ್ದಲ್ಲ. ಕಾಗವಾಡ ದಾಟಿದರೆ ಮಿರಜ. ಅಲ್ಲಿ ಕುಂಬಳದ ಬುರುಡೆಯಿಂದ ತಂಬೂರಿ, ಸಿತಾರ ಮಾಡುವ ಮನೆತನಗಳಿವೆ. ಜಾತ್ರೆಗೆ ಕರಡಿ ಮಜಲು, ಹಲಗಿ. ಬೆಳತನಕ ಶ್ರೀಕೃಷ್ಣ ಪಾರಿಜಾತ. ಗಣಪತಿ ಬಂದನೆಂದರೆ ಬೆಂಜೋ ಪಾರ್ಟಿಗಳ ಗದ್ದಲ. ಈ ಬೆಂಜೋ ಹುಡುಗರು ಮೊದಲ ವರ್ಷ ಹೇಗೆ ಬಾರಿಸುತ್ತಾರೆಂಬುದನ್ನು ನೀವೂ ಕೇಳಿರುತ್ತೀರಿ. ತಾಳ ಒಂದು ಓಣಿಯಲ್ಲಿ, ಹಾಡು ಇನ್ನೊಂದು ಓಣಿಯಲ್ಲಿ! ಆದರೂ ಅವರನ್ನು ಯಾರೂ ನಿಲ್ಲಿಸುವುದಿಲ್ಲ. "ಹುಡುಗರ ಅದಾವ, ಕಲೀತಾವ ಬಿಡ್ರಿ" ಎನ್ನುತ್ತಾರೆ ಹಿರಿಯರು. ಮೂರನೆಯ ವರ್ಷಕ್ಕೆ ಅದೇ ಹುಡುಗರು ಮದುವೆಗಳ ಆರ್ಡರು ಹಿಡಿಯುತ್ತಾರೆ.

ಈ ಔದಾರ್ಯ ಹೆಣ್ಣುಮಕ್ಕಳ ಪಾಲಿಗೆ ಏಕಿಲ್ಲ? ಈ ಪ್ರಶ್ನೆ ನನ್ನನ್ನು ಗಟ್ಟಿಯಾಗಿ ಹಿಡಿದದ್ದು ದೂರದ ಇಂಗ್ಲೆಂಡಿನ ಒಂದು ಧ್ವನಿಮುದ್ರಿಕೆಯನ್ನು ಕೇಳಿದಾಗ. ಕಾಲೇಜಿಗೆ ಹೋಗುವ ನನ್ನ ಅಣ್ಣನ ಮಗಳು ತನ್ನ ಮೊಬೈಲನ್ನು ನನ್ನ ಕಿವಿಗೆ ಹಚ್ಚಿ, "ಅತ್ತಿ, ಪೂರಾ ಕೇಳ್ರಿ. ಬೈಯೂದಿದ್ರ ಆಮ್ಯಾಲ ಬೈರಿ" ಎಂದಳು. ತಂಡದ ಹೆಸರು 'ರೇನ್‌ಕೋಟ್ಸ್'. ಮುದ್ರಿಕೆಯ ಹೆಸರೂ ಅದೇ, ವರ್ಷ 1979.

ಅದರ ಹಿನ್ನೆಲೆ ಇಷ್ಟು. 1970ರ ದಶಕದ ನಡುವಿನಲ್ಲಿ ಇಂಗ್ಲೆಂಡಿನಲ್ಲಿ ಪಂಕ್ ಎಂಬ ಸಂಗೀತ ಎದ್ದಿತು. ಕೆಲಸವಿಲ್ಲದ, ಹಿರಿಯರ ಮಾತಿನಲ್ಲಿ ನಂಬಿಕೆಯಿಲ್ಲದ ಹರೆಯದವರ ಸಿಟ್ಟು ಅದರಲ್ಲಿತ್ತು. ಎರಡು ಮೂರು ಸ್ವರಮೇಳ ಬಂದರೆ ಸಾಕು, ವೇದಿಕೆ ಏರಬಹುದು ಎಂಬುದು ಅದರ ಧೈರ್ಯ. ಆದರೆ ಆ ಧೈರ್ಯವೂ ಮೊದಲು ಗಂಡುಹುಡುಗರ ಸ್ವತ್ತಾಗಿಯೇ ಇತ್ತು. 'ಸ್ಲಿಟ್ಸ್' ಎಂಬ ಹುಡುಗಿಯರ ತಂಡ ಆ ಬೇಲಿಯನ್ನು ಮುರಿಯಿತು. ಅವರನ್ನು ಕಂಡ ಲಂಡನ್ನಿನ ಹಾರ್ನ್ಸೀ ಕಲಾಶಾಲೆಯ ಇಬ್ಬರು ವಿದ್ಯಾರ್ಥಿನಿಯರು, ಪೋರ್ಚುಗಲ್ಲಿನ ಆನಾ ಡ ಸಿಲ್ವಾ ಮತ್ತು ಇಂಗ್ಲೆಂಡಿನ ಜೀನಾ ಬರ್ಚ್, 1977ರಲ್ಲಿ ತಾವೂ ಒಂದು ತಂಡ ಕಟ್ಟಿದರು. ಜೀನಾಗೆ ವಾದ್ಯವೇ ಹೊಸದು. ಅಗ್ಗದ ಒಂದು ಬೇಸ್ ಗಿಟಾರು ಕೊಂಡು ಕಲಿಯುತ್ತಲೇ ಅದೇ ನವೆಂಬರಿನಲ್ಲಿ ಜನರೆದುರು ನಿಂತಳು. ಮೊದಲ ಒಂದು ವರ್ಷ ತಂಡದಲ್ಲಿ ಯಾರಿದ್ದಾರೆ, ಯಾರು ಬಿಟ್ಟರು ಎಂಬುದೇ ಒಂದು ಗೊಂದಲ. ಹುಡುಗರೂ ಬಂದುಹೋದರು. ಕೊನೆಗೆ ಸ್ಲಿಟ್ಸ್ ಬಿಟ್ಟು ಬಂದ ಸ್ಪೇನಿನ ಪಾಮಾಲಿವ್ ಡ್ರಮ್ ಹಿಡಿದಳು. ಶಾಸ್ತ್ರೀಯವಾಗಿ ಪಿಟೀಲು ಕಲಿತಿದ್ದ ವಿಕಿ ಆಸ್ಪಿನಾಲ್ ಸೇರಿಕೊಂಡಳು. ನಾಲ್ವರೂ ಹೆಂಗಸರ ತಂಡವಾಯಿತು.

ಇನ್ನು ಹಾಡುಗಳ ಮಾತು. ಮೊದಲ ಸಲ ಕೇಳಿದಾಗ ಪಾತ್ರೆ ಬಿದ್ದ ಸದ್ದೆನಿಸಿತು. ಡ್ರಮ್ಮು ಓಡುತ್ತದೆ, ಗಿಟಾರು ಹಿಂದುಳಿಯುತ್ತದೆ, ಪಿಟೀಲು ಬಾಗಿಲ ಕೀಲಿನಂತೆ ಕಿರುಗುಟ್ಟುತ್ತದೆ. ಎರಡನೆಯ ಸಲ ಬೇರೆಯೇ ಒಂದು ಸಂಗತಿ ತಿಳಿಯಿತು. ಇವರು ಒಬ್ಬರನ್ನೊಬ್ಬರು ಬಿಟ್ಟು ಹೋಗುವುದಿಲ್ಲ. ಒಬ್ಬಳ ದನಿ ಇನ್ನೊಬ್ಬಳ ದನಿಯ ಮೇಲೆ ಬೀಳುತ್ತದೆ. ಒಬ್ಬಳು ಬಿಟ್ಟ ನುಡಿಯನ್ನು ಮತ್ತೊಬ್ಬಳು ಎತ್ತಿಕೊಳ್ಳುತ್ತಾಳೆ. ಬೀಸುಕಲ್ಲಿನ ಎರಡು ಬದಿಗೆ ಕೂತು ಪದ ಹೇಳುವ ಹೆಂಗಸರು ನೆನಪಾದರು. ಅಲ್ಲಿ ಒಬ್ಬಳೇ ಮೆರೆಯುವ ಗಾಯಕಿ ಇಲ್ಲ, ಹಿಂದೆ ನಿಲ್ಲುವ ಸೊಲ್ಲಿನವರೂ ಇಲ್ಲ. ಚೆನ್ನಾಗಿ ಕಲಿತ ಪಿಟೀಲಿನವಳು ಕಲಿಯದವರ ನಡುವೆ ತನ್ನ ವಿದ್ಯೆಯನ್ನು ಮೆರೆಸದೆ ಅವರ ಒರಟುತನಕ್ಕೆ ಹೊಂದಿಕೊಂಡದ್ದು ಈ ಮುದ್ರಿಕೆಯ ನಿಜವಾದ ಚೆಲುವು.

ಈ ಒರಟಿಗೆ ಕಾರಣವೂ ಉಂಟು. 'ಆಫ್ ಡ್ಯೂಟಿ ಟ್ರಿಪ್' ಎಂಬ ಹಾಡು ಅತ್ಯಾಚಾರವೆಸಗಿದ ಒಬ್ಬ ಸೈನಿಕನಿಗೆ, ಅವನ ನೌಕರಿ ಕೆಡಬಾರದೆಂದು, ನ್ಯಾಯಾಲಯ ಕರುಣೆ ತೋರಿದ ಪ್ರಕರಣದಿಂದ ಹುಟ್ಟಿದ್ದು. ಅದೇ 1979ರಲ್ಲಿ ನಮ್ಮ ದೇಶದಲ್ಲಿ ಮಥುರಾ ಪ್ರಕರಣದ ತೀರ್ಪನ್ನು ಪ್ರಶ್ನಿಸಿ ನಾಲ್ವರು ಕಾನೂನು ಅಧ್ಯಾಪಕರು ಸುಪ್ರೀಂ ಕೋರ್ಟಿಗೆ ಬಹಿರಂಗ ಪತ್ರ ಬರೆದರು. ಇಂಥ ವಿಷಯವನ್ನು ಇಂಪಾದ ಕಂಠದಲ್ಲಿ ಹಾಡಿದ್ದರೆ ಅದು ಸುಳ್ಳಾಗುತ್ತಿತ್ತು.

ಇದೆಲ್ಲ ಪರದೇಶದ ಸೊಗಸು ಎನ್ನಬೇಡಿ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಸಂಘ ಕಟ್ಟಿದ ಕಥೆಯನ್ನು ದೀಪಾ ಧನರಾಜ್ ಮತ್ತು ಗೆಳೆಯರ 'ಯುಗಾಂತರ್' ತಂಡ 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಕಿರುಚಿತ್ರವಾಗಿ ತೆಗೆಯಿತು. ಅದರಲ್ಲಿ ಆ ಹೆಂಗಸರೇ ಮಾತಾಡುತ್ತಾರೆ. ಭಾಷಣ ಕಲಿತ ಮೇಲೆ ಸಂಪು ಹೂಡುತ್ತೇವೆಂದು ಅವರು ಕಾದಿದ್ದರೆ ಸಂಘವೂ ಇರುತ್ತಿರಲಿಲ್ಲ, ಚಿತ್ರವೂ ಇರುತ್ತಿರಲಿಲ್ಲ.

"ಹಾಗಾದರೆ ರಿಯಾಜು ಬೇಡವೆ? ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತದ್ದು ವ್ಯರ್ಥವೆ?" ಎಂದು ಸಂಗೀತ ಬಲ್ಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅದೇ ಗಂಗೂಬಾಯಿಯವರನ್ನು ದಾರಿಯಲ್ಲಿ ಜನ ಹಂಗಿಸಿದ್ದರು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ದಪ್ಪವಾದ ದನಿ ಹೆಣ್ಣಿನದಲ್ಲ ಎನಿಸಿದಾಗ ಅದನ್ನೇ ಅವರು ತಮ್ಮ ಸಿರಿಯಾಗಿಸಿಕೊಂಡರು. ಕಲಿಕೆ ಬೇಕು, ಸಂಶಯವಿಲ್ಲ. ಆದರೆ ಕಲಿಯುವುದು ಕದ ಮುಚ್ಚಿದ ಕೋಣೆಯಲ್ಲಿಯೇ ಆಗಬೇಕೆಂಬ ಕಟ್ಟಳೆ ಹುಡುಗಿಯರಿಗೆ ಮಾತ್ರ ಏಕೆ?

ರೇನ್‌ಕೋಟ್ಸ್ ಮಾಡಿದ್ದೆಲ್ಲ ಚಿನ್ನವೆಂದು ನಾನು ಹೇಳುವುದಿಲ್ಲ. ಕೆಲವು ಹಾಡುಗಳು ನಡುವೆ ದಾರಿ ತಪ್ಪಿ, ಮುಗಿಸುವ ಬಗೆ ತಿಳಿಯದೆ ನಿಂತುಬಿಡುತ್ತವೆ. ಅಪಸ್ವರವನ್ನೇ ಒಂದು ಗುಣವೆಂದು ಹೊಗಳುವ ವಿಮರ್ಶಕರು ಆ ಹುಡುಗಿಯರಿಗೆ ಉಪಕಾರ ಮಾಡುವುದಿಲ್ಲ. ಅವರು ತಪ್ಪನ್ನು ಬಯಸಿ ಮಾಡಲಿಲ್ಲ. ತಪ್ಪಿಗೆ ಹೆದರಿ ನಿಲ್ಲಲಿಲ್ಲ, ಅಷ್ಟೆ. ಗೊಂದಲ ಅವರಿಗೆ ಹೊಸ್ತಿಲಾಗಿತ್ತು, ಮನೆಯಲ್ಲ. 1984ರಲ್ಲಿ ತಂಡ ಚದುರಿತು. ಅಮೆರಿಕದ 'ನಿರ್ವಾಣ' ತಂಡದ ಕರ್ಟ್ ಕೋಬೇನ್ ಮೆಚ್ಚಿ ಹುಡುಕಿಕೊಂಡು ಬಂದ ಮೇಲೆ ಹಳೆಯ ಮುದ್ರಿಕೆಗಳು 1990ರ ದಶಕದಲ್ಲಿ ಮತ್ತೆ ಹೊರಬಂದವು. ಅಗ್ಗದ ಗಿಟಾರಿನ ಜೀನಾ 2023ರಲ್ಲಿ, ಅರವತ್ತೈದು ದಾಟಿದ ಮೇಲೆ, ತನ್ನ ಮೊದಲ ಸ್ವಂತ ಆಲ್ಬಮ್ ತಂದಳು. 'ನಾನು ನನ್ನ ಬೇಸನ್ನು ಜೋರಾಗಿ ನುಡಿಸುತ್ತೇನೆ' ಎಂಬ ಅರ್ಥದ ಹೆಸರು ಅದಕ್ಕೆ!

ಅಣ್ಣನ ಮಗಳು ನನಗೆ ಇದನ್ನು ಕೇಳಿಸಿದ್ದಕ್ಕೆ ಕಾರಣವಿತ್ತು. ಅವಳೂ ಮೂವರು ಗೆಳತಿಯರೂ ಒಂದು ಗಿಟಾರು, ಒಂದು ಕೀಬೋರ್ಡು, ಒಂದು ಢೋಲಕಿ, ಒಂದು ಹಲಗಿ ಇಟ್ಟುಕೊಂಡು ಮಾಳಿಗೆಯ ಮೇಲೆ ಆರು ವಾರ ಬಡಿದಾಡಿದ್ದರು. ಕಾಲೇಜಿನ ಗ್ಯಾದರಿಂಗಿನಲ್ಲಿ ಹತ್ತು ನಿಮಿಷ ಕೇಳಿದರು. "ಛೊಲೋತ್ನಾಗಿ ಕಲಿತ ಮ್ಯಾಲ ಬರ್ರೆವಾ. ಹುಡುಗ್ಯಾರು ಮಂದಿ ಮುಂದ ತಪ್ಪಿದ್ರ ಛಂದ ಕಾಣೂದಿಲ್ಲ" ಎಂಬ ಉತ್ತರ ಬಂತು. ಅದೇ ಸಂಜೆ ಹುಡುಗರ ತಂಡ ಎರಡು ಸಲ ನಡುವೆ ನಿಂತು ಮತ್ತೆ ಮೊದಲಿನಿಂದ ಆರಂಭಿಸಿತು. ಸಭೆ ಸಿಳ್ಳೆ ಹೊಡೆದು ಹುರಿದುಂಬಿಸಿತು.

ಆ ಸಿಳ್ಳೆಯನ್ನು ನಾನು ಆಕ್ಷೇಪಿಸುವುದಿಲ್ಲ. ಅದು ಒಳ್ಳೆಯ ಸಿಳ್ಳೆ. ಕಲಿಯುವವರಿಗೆ ಅದು ಬೇಕು. ಅದರಲ್ಲಿ ಅರ್ಧ ಪಾಲನ್ನು ನಮ್ಮ ಹುಡುಗಿಯರಿಗೆ ಕೇಳುತ್ತಿದ್ದೇನೆ, ಅಷ್ಟೆ. ಮುಂದಿನ ಗ್ಯಾದರಿಂಗಿಗೆ ನಿಮ್ಮ ಮಗಳೋ ಸೊಸೆಯೋ ತಂಗಿಯೋ ಇಂಥದೊಂದು ಗದ್ದಲ ಎಬ್ಬಿಸಿದರೆ ಮುಂದಿನ ಸಾಲಿನಲ್ಲಿ ಹೋಗಿ ಕೂಡಿರಿ. ತಾಳ ತಪ್ಪಿದರೆ ಅತ್ತಿತ್ತ ನೋಡಬೇಡಿ. "ಹುಡುಗ್ಯಾರು, ಕಲೀತಾವ ಬಿಡ್ರಿ" ಎಂದು ಪಕ್ಕದವರಿಗೂ ಕೇಳುವಂತೆ ಹೇಳಿರಿ.