ಅಚ್ಚುಮೊಳೆಗೆ ದಕ್ಕದ ಗೆರೆಗಳು

ಹತ್ತೊಂಬತ್ತನೆಯ ಶತಮಾನದ ಮೊದಲ ಐವತ್ತು ವರ್ಷಗಳ ನಕಾಶೆ, ಚಿತ್ರ ಮತ್ತು ಸಂಗೀತದ ಹಾಳೆಗಳು ಈಗ ಮನೆಯಲ್ಲಿ ಕೂತೇ ನೋಡಲು ಸಿಗುತ್ತವೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 2016ರ ಜನವರಿಯಲ್ಲಿ ಹಕ್ಕುಸ್ವಾಮ್ಯದ ಹಂಗಿಲ್ಲದ 1,80,000ಕ್ಕೂ ಹೆಚ್ಚು ಡಿಜಿಟಲ್ ಪ್ರತಿಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಬಿಟ್ಟುಕೊಟ್ಟಿತು. ಮರುವರ್ಷ ಅದೇ ಊರಿನ ಮೆಟ್ರೊಪಾಲಿಟನ್ ಮ್ಯೂಸಿಯಂ 3,75,000 ಚಿತ್ರಗಳನ್ನು ಹಾಗೆಯೇ ಕೊಟ್ಟಿತು. ಮ್ಯೂನಿಕ್‌ನ ಬವೇರಿಯಾ ರಾಜ್ಯ ಗ್ರಂಥಾಲಯದ ಡಿಜಿಟಲೀಕರಣ ಕೇಂದ್ರವಂತೂ 1997ರಿಂದಲೇ ಈ ಕೆಲಸದಲ್ಲಿದೆ. ಇದೆಲ್ಲ ದೊಡ್ಡ ಔದಾರ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೂ ಒಂದು ತಕರಾರನ್ನು ಎತ್ತಲೇಬೇಕಾಗಿದೆ. ಅದೇ ಕಾಲದ ಇಂಗ್ಲಿಷ್ ಪುಸ್ತಕವೊಂದರಲ್ಲಿ ಒಂದು ಪದವನ್ನು ಹುಡುಕಿದರೆ ಕ್ಷಣದಲ್ಲಿ ಪುಟ ತೆರೆದುಕೊಳ್ಳುತ್ತದೆ. ನಕಾಶೆಯೊಳಗಿನ ಹಳ್ಳಿಯ ಹೆಸರನ್ನೋ ಸಂಗೀತದ ಹಾಳೆಯೊಳಗಿನ ಒಂದು ಸ್ವರಗುಚ್ಛವನ್ನೋ ಹುಡುಕಿದರೆ ಹೆಚ್ಚಿನ ಕಡೆ ಏನೂ ಸಿಗುವುದಿಲ್ಲ. ಪುಸ್ತಕ ಪಠ್ಯವಾಗಿ ಬಂದಿದೆ, ಉಳಿದವು ಬರೀ ಚಿತ್ರವಾಗಿ ಬಂದಿವೆ. ಈ ಭೇದ ಕಂಪ್ಯೂಟರಿನ ಕಾಲದ್ದಲ್ಲ, ಇನ್ನೂರು ವರ್ಷ ಹಳೆಯದು ಎಂಬುದು ನನ್ನ ವಾದ. ಅಂದು ಅಚ್ಚುಮೊಳೆಗೆ ದಕ್ಕದ ಗೆರೆಗಳೇ ಇಂದು ಕಂಪ್ಯೂಟರಿನ ಓದಿಗೂ ದಕ್ಕದೆ ಹೊರಗುಳಿದಿವೆ. ಅವುಗಳ ಸಾಲಿನಲ್ಲಿ ನಮ್ಮ ಕನ್ನಡವೂ ಇದೆ.

ಅಚ್ಚುಮೊಳೆಯ ಸ್ವಭಾವವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೊಳೆಯೆಂದರೆ ಒಂದೊಂದು ಅಕ್ಷರಕ್ಕೆ ಒಂದೊಂದು ಸೀಸದ ತುಂಡು. ಅವನ್ನು ನೇರ ಸಾಲಿನಲ್ಲಿ ಜೋಡಿಸಬೇಕು, ಸಾಲಿನ ಕೆಳಗೆ ಸಾಲು ಬಿಗಿಯಬೇಕು. ರೋಮನ್ ಲಿಪಿಗೆ ಈ ಏರ್ಪಾಡು ಹೇಳಿ ಮಾಡಿಸಿದಂತಿದೆ. ನಕಾಶೆಗೆ ಅದು ಒಗ್ಗುವುದಿಲ್ಲ. ನದಿಯ ಹೆಸರು ನದಿ ಬಳುಕಿದ ಕಡೆ ಬಳುಕಬೇಕು, ಬೆಟ್ಟದ ಸಾಲಿನ ಹೆಸರು ಬೆಟ್ಟದುದ್ದಕ್ಕೂ ಹರಡಿಕೊಳ್ಳಬೇಕು. ಪಾಶ್ಚಾತ್ಯ ಸಂಗೀತದ ಸ್ವರಲಿಪಿಯೂ ಹಾಗೆಯೇ. ಐದು ಗೆರೆಗಳ ಮೇಲೆ ಸ್ವರಬಿಂದು, ಅದಕ್ಕೊಂದು ಕಡ್ಡಿ, ಕಡ್ಡಿಗಳನ್ನು ಸೇರಿಸುವ ಅಡ್ಡಪಟ್ಟಿ, ಮೇಲೊಂದು ಕಮಾನು. ಇವನ್ನು ಮೊಳೆಗಳಲ್ಲಿ ಹಿಡಿಯುವ ಪ್ರಯತ್ನ ನಡೆಯಿತಾದರೂ ಬಹುಪಾಲು ಪ್ರಕಾಶಕರು ಲೋಹದ ತಗಡಿನ ಮೇಲೆ ಕೆತ್ತಿಸುವುದನ್ನೇ ನೆಚ್ಚಿಕೊಂಡಿದ್ದರು. ಚಿತ್ರದ ವಿಷಯ ಹೇಳಲೇಬೇಕಿಲ್ಲ.

ಈ ಮೂರಕ್ಕೂ ಒಂದೇ ದಾರಿ ತೆರೆದವನು ನಾಟಕ ಬರೆಯುತ್ತಿದ್ದ ಬಡ ಯುವಕ. 1771ರಲ್ಲಿ ಪ್ರಾಗ್‌ನಲ್ಲಿ ನಟನೊಬ್ಬನ ಮಗನಾಗಿ ಹುಟ್ಟಿದ ಅಲೋಯ್ಸ್ ಸೆನೆಫೆಲ್ಡರ್ ಮ್ಯೂನಿಕ್‌ನಲ್ಲಿ ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ತಾನೇ ಅಚ್ಚು ಹಾಕಲು ಹೊರಟ. ಬವೇರಿಯಾದ ಸೋಲ್ನ್‌ಹೋಫೆನ್ ಗಣಿಯ ನುಣುಪಾದ ಸುಣ್ಣಕಲ್ಲಿನ ಮೇಲೆ ಪ್ರಯೋಗ ಮಾಡುತ್ತ ಮಾಡುತ್ತ 1798ರ ಹೊತ್ತಿಗೆ ಕಲ್ಲಚ್ಚಿನ ಗುಟ್ಟನ್ನು ಕಂಡುಕೊಂಡ. ಜಿಡ್ಡಿನ ಶಾಯಿಯಿಂದಲೋ ಬಳಪದಿಂದಲೋ ಕಲ್ಲಿನ ಮೇಲೆ ಬರೆಯಬೇಕು. ಆಮ್ಲ ಬೆರೆಸಿದ ಗೋಂದಿನ ನೀರು ಹಚ್ಚಿ ಕಲ್ಲನ್ನು ಒದ್ದೆಯಾಗಿಡಬೇಕು. ಆಮೇಲೆ ಶಾಯಿಯ ಉರುಳೆ ಹೊರಳಿಸಿದರೆ ಜಿಡ್ಡಿದ್ದ ಕಡೆ ಶಾಯಿ ಹಿಡಿಯುತ್ತದೆ, ಒದ್ದೆಯಿದ್ದ ಕಡೆ ಹಿಡಿಯುವುದಿಲ್ಲ. ಉಳಿಯಿಂದ ಕೆತ್ತಬೇಕಿಲ್ಲ, ಮೊಳೆ ಜೋಡಿಸಬೇಕಿಲ್ಲ. ಕೈ ಎಳೆದ ಗೆರೆಯೇ ಅಚ್ಚಾಗುತ್ತದೆ. (ಈ ಕಲ್ಲಿಗಾಗಿ ಅಗೆಯುತ್ತಿದ್ದ ಪದರಗಳಲ್ಲೇ ಆದಿಪಕ್ಷಿ ಆರ್ಕಿಯಾಪ್ಟೆರಿಕ್ಸ್‌ನ ಪಳೆಯುಳಿಕೆ ಸಿಕ್ಕಿತು. 1861ರಲ್ಲಿ ಅದಕ್ಕಿಟ್ಟ ಶಾಸ್ತ್ರೀಯ ಹೆಸರಿನ ಎರಡನೆಯ ಭಾಗ, ಲಿಥೊಗ್ರಾಫಿಕಾ, ಈ ಮುದ್ರಣದ ನೆನಪನ್ನು ಇಂದಿಗೂ ಹೊತ್ತಿದೆ.)

ಸೆನೆಫೆಲ್ಡರನ ಮೊದಲ ಗಿರಾಕಿ ಸಂಗೀತ. ಅವನ ಪ್ರಯೋಗ ಇನ್ನೂ ಅರೆಬೆಂದಿದ್ದ 1796ರಲ್ಲೇ ಆಸ್ಥಾನ ಸಂಗೀತಗಾರ ಫ್ರಾಂಜ್ ಗ್ಲೈಸ್ನರನ ಹಾಡುಗಳು ಕಲ್ಲಿನಿಂದ ಅಚ್ಚಾದವು. 1799ರಲ್ಲಿ ಆಫೆನ್‌ಬಾಖ್‌ನ ಸಂಗೀತ ಪ್ರಕಾಶಕ ಯೋಹಾನ್ ಆಂಟನ್ ಆಂಡ್ರೆ ಈ ವಿದ್ಯೆಯ ಹಕ್ಕು ಪಡೆದ. ಮೊಟ್ಸಾರ್ಟ್‌ನ ವಿಧವೆಯಿಂದ ಅವನ ಹಸ್ತಪ್ರತಿಗಳನ್ನು ಕೊಂಡವನೂ ಅವನೇ, ಅದೂ ಹೆಚ್ಚುಕಡಿಮೆ ಅದೇ ಸಮಯದಲ್ಲಿ. ಮುಂದೆ ದೊಡ್ಡ ಹೆಸರು ಮಾಡಿದ ಕಾರ್ಲ್ ಮರಿಯಾ ಫಾನ್ ವೆಬರ್ ಮ್ಯೂನಿಕ್‌ನಲ್ಲಿ ಹುಡುಗನಾಗಿದ್ದಾಗ ಕಲ್ಲಚ್ಚನ್ನು ಕಲಿತು, 1800ರಲ್ಲಿ ತನ್ನ ಪಿಯಾನೊ ರಚನೆಗಳನ್ನು ತನ್ನ ಕೈಯಿಂದಲೇ ಕಲ್ಲಿಗಿಳಿಸಿದ. ಸಂಗೀತ ಕಟ್ಟಿದ ಕೈಯೇ ಅಚ್ಚಿನ ಗೆರೆಯನ್ನೂ ಎಳೆಯಿತು. ಮೊಳೆಯ ಲೋಕದಲ್ಲಿ ಲೇಖಕನಿಗೆ ಈ ಭಾಗ್ಯ ಇರಲಿಲ್ಲ.

ಸಂಗೀತದ ಹಿಂದೆಯೇ ನಕಾಶೆ ಬಂತು. 1808ರಲ್ಲಿ ಬವೇರಿಯಾ ಸರ್ಕಾರ ಭೂಕಂದಾಯಕ್ಕಾಗಿ ಇಡೀ ನಾಡನ್ನು ಅಳೆಯಲು ಶುರುಮಾಡಿತು. ಮರುವರ್ಷ ಸೆನೆಫೆಲ್ಡರನನ್ನೇ ಕಲ್ಲಚ್ಚಿನ ಮೇಲ್ವಿಚಾರಕನನ್ನಾಗಿ ನೇಮಿಸಿಕೊಂಡಿತು. ಹಳ್ಳಿಗಳ ಹಾಳೆಗಳು 1:5000 ಅಳತೆಯವು. ಪ್ರತಿ ಹೊಲಕ್ಕೂ ಪ್ರತಿ ಮನೆಗೂ ಒಂದೊಂದು ಸಂಖ್ಯೆ, ಬದುಗಳ ಸಣ್ಣ ಗೆರೆ, ಕಾಲುದಾರಿಯ ಚುಕ್ಕೆ. ಈ ಅಳತೆ 1864ರವರೆಗೂ ನಡೆಯಿತು. ಕಂದಾಯದ ನಕಾಶೆಯನ್ನು ಆಗಾಗ ತಿದ್ದಬೇಕಾಗುತ್ತದೆ. ಹೊಲ ಭಾಗವಾದರೆ ಕಲ್ಲಿನ ಆ ತುಣುಕನ್ನಷ್ಟೇ ಕೆರೆದು ಹೊಸ ಗೆರೆ ಎಳೆದರೆ ಸಾಕಿತ್ತು. ಹಾಗಾಗಿ ಕಲ್ಲುಗಳನ್ನು ಯಾರೂ ಎಸೆಯಲಿಲ್ಲ. 20,000ಕ್ಕೂ ಹೆಚ್ಚು ಕಲ್ಲುಗಳು ಮ್ಯೂನಿಕ್‌ನ ಭೂಮಾಪನ ಇಲಾಖೆಯ ನೆಲಮಾಳಿಗೆಯಲ್ಲಿ ಇಂದಿಗೂ ಸಾಲಾಗಿ ನಿಂತಿವೆ. ಆ ಅಳತೆಯ ಹಾಳೆಗಳನ್ನು ಬವೇರಿಯಾ ಸರ್ಕಾರ ತನ್ನ ಅಂತರ್ಜಾಲದ ಅಟ್ಲಾಸ್‌ನಲ್ಲಿ ಇಂದಿನ ನಕಾಶೆಯ ಮೇಲೆ ಸರಿಯಾಗಿ ಕೂರಿಸಿ ತೋರಿಸುತ್ತಿದೆ. ಇವತ್ತಿನ ಹೆದ್ದಾರಿ ಅಂದಿನ ಯಾವ ಹೊಲವನ್ನು ಸೀಳಿ ಹೋಗಿದೆ ಎಂಬುದು ಬೆರಳ ತುದಿಯಲ್ಲೇ ಕಾಣುತ್ತದೆ. ಡಿಜಿಟಲ್ ಸಂಗ್ರಹವೆಂದರೆ ಹೀಗಿರಬೇಕು. ಹಾಳೆಯ ಫೋಟೊ ತೆಗೆದು ಕೈತೊಳೆದುಕೊಂಡಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಚಿತ್ರಕ್ಕೆ ಬಂದರೆ ಸ್ಪೇನಿನ ಚಿತ್ರಕಾರ ಗೋಯ ಒಬ್ಬನೇ ಸಾಕು. 1825ರಲ್ಲಿ, ಎಂಬತ್ತರ ಅಂಚಿನಲ್ಲಿ, ಸ್ಪೇನ್ ಬಿಟ್ಟು ಫ್ರಾನ್ಸಿನ ಬೋರ್ದೊದಲ್ಲಿ ನೆಲೆಸಿದ್ದಾಗ ಅವನು ಗೂಳಿಕಾಳಗದ ನಾಲ್ಕು ಕಲ್ಲಚ್ಚುಗಳನ್ನು ಮಾಡಿದ. ನೂರು ಪ್ರತಿಗಳಷ್ಟೇ ಅಚ್ಚಾದವು. ಕಲ್ಲನ್ನು ಕ್ಯಾನ್ವಾಸ್‌ನಂತೆ ಚೌಕಟ್ಟಿನ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಬರೆಯುತ್ತಿದ್ದನಂತೆ. ಕಲ್ಲಿಗೆಲ್ಲ ಬೂದು ಬಣ್ಣ ಹರಡಿ, ಬೆಳಕು ಬೇಕಾದ ಕಡೆ ಕೆರೆದು ತೆಗೆಯುತ್ತಿದ್ದನಂತೆ. ದೊಡ್ಡ ಮ್ಯೂಸಿಯಂಗಳು ಕೊಟ್ಟಿರುವ ಪ್ರತಿಯನ್ನು ಹಿಗ್ಗಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಗೂಳಿಯ ಬೆನ್ನಿನ ಕಪ್ಪು ಒಂದೇ ಸಮನಾದ ಕಪ್ಪಲ್ಲ, ಕಲ್ಲಿನ ತರಿಗೆ ಬಳಪ ಹತ್ತಿದಲ್ಲಿ ಚುಕ್ಕೆ ಚುಕ್ಕೆಯಾಗಿ ಕೂತ ಕಪ್ಪು. ಅದರ ನಡುವೆ ಅಲಗಿನ ತುದಿ ಎಳೆದ ಬಿಳಿ ಗೀರುಗಳು. ಮ್ಯೂಸಿಯಂನ ಮಂದ ಬೆಳಕಿನಲ್ಲಿ, ಗಾಜಿನಾಚೆ ನಿಂತು ನೋಡುವವರಿಗೆ ಈ ಗೀರುಗಳು ಇಷ್ಟು ಸ್ಪಷ್ಟವಾಗಿ ಸಿಗಲಾರವು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಗೋಯನ ಚಿತ್ರಕ್ಕೆ ಒಳ್ಳೆಯ ಪ್ರತಿಯೇ ಸಾಕಾದರೆ ಉಳಿದವಕ್ಕೂ ಅದೇ ಸಾಕಲ್ಲವೇ? ರಸಿಕನಿಗೆ ನೋಡುವುದೇ ಮುಖ್ಯ ತಾನೇ? ಚಿತ್ರದ ಮಟ್ಟಿಗೆ ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ನಕಾಶೆ ಮತ್ತು ಸಂಗೀತದ ಹಾಳೆ ನೋಡುವುದಕ್ಕಷ್ಟೇ ಹುಟ್ಟಿದವಲ್ಲ. ನಕಾಶೆ ಊರು ಹುಡುಕಲು ಇರುವುದು, ಸಂಗೀತದ ಹಾಳೆ ನುಡಿಸಲು ಇರುವುದು. ನಮ್ಮ ನೆಲದ್ದೇ ಉದಾಹರಣೆ ತೆಗೆದುಕೊಳ್ಳಿ. ಬ್ರಿಟಿಷ್ ಭೂಮಾಪಕ ಕಾಲಿನ್ ಮೆಕೆಂಜಿ ಟಿಪ್ಪುವಿನ ಪತನದ ಮರುವರ್ಷದಿಂದ ಮೈಸೂರು ಸೀಮೆಯನ್ನು ಅಳೆಸಿದ. ಅಂಥ ಅಳತೆಗಳ ಆಧಾರದ ಮೇಲೆ ಲಂಡನ್ನಿನ ಏರನ್ ಆರೋಸ್ಮಿತ್ ಕನ್ಯಾಕುಮಾರಿಯಿಂದ ಕೃಷ್ಣೆಯವರೆಗಿನ ದಕ್ಷಿಣ ಭಾರತದ ಅಟ್ಲಾಸ್ ಒಂದನ್ನು 1822ರಲ್ಲಿ ಪ್ರಕಟಿಸಿದ. ಆ ಕಾಲದ ಇಂಥ ನಕಾಶೆಗಳಲ್ಲಿ ಊರುಗಳ ಹೆಸರು ಇಂಗ್ಲಿಷ್ ಕಿವಿಗೆ ಕೇಳಿದಂತೆ ಬರೆದ ಕಾಗುಣಿತದಲ್ಲಿ, ಬೆಟ್ಟದ ಗೀಟುಗಳ ನಡುವೆ ಸಣ್ಣಕ್ಷರದಲ್ಲಿ ಹುದುಗಿರುತ್ತವೆ. ತನ್ನ ಊರು ಇನ್ನೂರು ವರ್ಷದ ಹಿಂದೆ ಇತ್ತೇ, ಕೆರೆ ಎಲ್ಲಿತ್ತು ಎಂದು ತಿಳಿಯಬಯಸುವ ತುಮಕೂರಿನ ಮೇಷ್ಟ್ರೊಬ್ಬರಿಗೆ ಬರೀ ಚಿತ್ರ ಕೊಟ್ಟರೆ ಅವರು ಒಂದೊಂದೇ ಅಂಗುಲ ಸರಿಸುತ್ತ ಕೂರಬೇಕು. ಪ್ರತಿ ಅವರ ಮುಂದಿದೆ, ಊರು ಸಿಗುವುದಿಲ್ಲ.

ಎರಡನೆಯ ಆಕ್ಷೇಪ ಬಲ್ಲವರದು. ಆ ಕಾಲದ ಹೆಚ್ಚಿನ ನಕಾಶೆಗಳು ತಾಮ್ರದ ತಗಡಿನವು, ಸಂಗೀತದ ಹಾಳೆಗಳಲ್ಲೂ ಕೆತ್ತಿದ ತಗಡಿನವು ಧಾರಾಳವಾಗಿವೆ, ಕಲ್ಲಚ್ಚನ್ನೇ ಮುಂದಿಟ್ಟುಕೊಂಡು ಕಾಲದ ಕಥೆ ಹೇಳುವುದು ಸರಿಯೇ ಎಂಬುದು ಅವರ ಪ್ರಶ್ನೆ. ಸಂಗತಿ ನಿಜ, ಆರೋಸ್ಮಿತ್‌ನ ಅಟ್ಲಾಸೂ ತಾಮ್ರದ್ದೇ. ಆದರೆ ಇದು ನನ್ನ ವಾದವನ್ನು ಬಲಪಡಿಸುತ್ತದೆ. ತಾಮ್ರವಾಗಲಿ ಕಲ್ಲಾಗಲಿ, ಅಲ್ಲಿ ಬಿದ್ದದ್ದು ಕೈಯ ಗೆರೆ. ಎರಡೂ ಇದ್ದದ್ದು ಮೊಳೆಯ ಹೊರಗೆ. ಕಲ್ಲನ್ನು ಮುಂದಿಟ್ಟಿದ್ದಕ್ಕೆ ಕಾರಣವೆಂದರೆ ಸಂಗೀತ, ನಕಾಶೆ, ಚಿತ್ರ ಮೂರೂ ಒಂದೇ ಕಾರ್ಖಾನೆಯಲ್ಲಿ ನೆರೆಹೊರೆಯಾಗಿದ್ದವು ಎಂಬುದನ್ನು ಅದು ತಾಮ್ರಕ್ಕಿಂತ ನಿಚ್ಚಳವಾಗಿ ತೋರಿಸುತ್ತದೆ. ಇವತ್ತಿನ ಗ್ರಂಥಾಲಯಗಳು ಅವನ್ನು ಮೂರು ಬೇರೆ ವಿಭಾಗಗಳಿಗೆ ಹಂಚಿ, ನಂಟು ಕಾಣದಂತೆ ಮಾಡಿವೆ.

ಕಲ್ಲಚ್ಚು ನಮಗೆ ಹತ್ತಿರವಾಗುವುದಕ್ಕೆ ಇನ್ನೊಂದು ಕಾರಣವಿದೆ. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ತೆರೆದದ್ದು ಕಲ್ಲಚ್ಚಿನ ಛಾಪಖಾನೆ. ಅದರ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಿನಿಂದ ಅಚ್ಚಾಯಿತು. ನಾವು ಪ್ರತಿವರ್ಷ ಪತ್ರಿಕಾ ದಿನ ಆಚರಿಸುವುದು ಆ ದಿನವನ್ನೇ. ಕನ್ನಡಕ್ಕೆ ಕಲ್ಲು ಏಕೆ ಒಗ್ಗಿತೆಂದು ತಿಳಿಯಲು ‘ರಾಷ್ಟ್ರ’ ಎಂದು ಒಮ್ಮೆ ಬರೆದು ನೋಡಿ. ಷಕಾರದ ಕೆಳಗೆ ಟಕಾರದ ಒತ್ತು, ಅದಕ್ಕೆ ಅಂಟಿಕೊಂಡು ರಕಾರದ ಒತ್ತು. ಮೊಳೆ ಜೋಡಿಸುವವನಿಗೆ ಇದು ಒಂದೇ ಸಾಲಿನಲ್ಲಿ ಎರಡು ಮಹಡಿ ಕಟ್ಟುವ ಕೆಲಸ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಬೇರೆ ಬೇರೆ ಮೊಳೆ ಬೇಕು. ಕಲ್ಲಿನ ಮೇಲೆ ಬರೆಯುವವನಿಗೆ ಲೇಖನಿಯ ಒಂದು ತಿರುವು ಸಾಕು. ಹಾಗೆಂದು ಕನ್ನಡದ ಮೊಳೆ ಆಗ ಇರಲಿಲ್ಲವೆಂದಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲೇ ಸಿರಾಂಪುರದಲ್ಲಿ ಮೊಳೆಯಲ್ಲಿ ಅಚ್ಚಾಗಿತ್ತು. ಮೋಗ್ಲಿಂಗನ ಪತ್ರಿಕೆಯೂ 1844ರಲ್ಲಿ ಮೊಳೆಯನ್ನು ಅರಸಿಕೊಂಡು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಆದರೆ ಅವನು 1848ರಿಂದ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಗೆ ಮತ್ತೆ ಮಂಗಳೂರಿನ ಕಲ್ಲೇ ಆಸರೆಯಾಯಿತು. ಜೈಮಿನಿ ಭಾರತ, ತೊರವೆ ರಾಮಾಯಣಗಳ ಜೊತೆ 1850ರಲ್ಲಿ ದಾಸರ ಪದಗಳೂ ಹೀಗೆ ಹೊರಬಂದವು. ಬಾಯಿಂದ ಬಾಯಿಗೆ ಬಂದ ಹಾಡು ಅಚ್ಚಿಗಿಳಿದಾಗಲೂ ಕೈಬರಹದ ರೂಪದಲ್ಲೇ ಇಳಿಯಿತು. ಗ್ಲೈಸ್ನರನ ಹಾಡಿಗೂ ದಾಸರ ಹಾಡಿಗೂ ಆಶ್ರಯ ಕೊಟ್ಟದ್ದು ಒಂದೇ ವಿದ್ಯೆ.

ಇಂದಿನ ಅಕ್ಷರ ಗುರುತಿಸುವ ತಂತ್ರಾಂಶ ಬೆಳೆದದ್ದು ಮೊಳೆಯ ತರ್ಕದಲ್ಲೇ: ನೇರ ಸಾಲು, ಬಿಡಿ ಅಕ್ಷರ, ಒಂದೇ ಆಕಾರದ ಪುನರಾವರ್ತನೆ. ಅದರ ಮುಂದೆ ಕಲ್ಲಚ್ಚಿನ ಕನ್ನಡ ಪುಟವನ್ನಿಟ್ಟರೆ ಕೈಬರಹದ ಮುಂದೆ ತಡವರಿಸುವಂತೆಯೇ ತಡವರಿಸುತ್ತದೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಬಾಸೆಲ್ ಮಿಷನ್ನಿನ ಇನ್ನೊಬ್ಬ ಪಾದ್ರಿ ಹರ್ಮನ್ ಗುಂಡರ್ಟ್‌ನ ಸಂಗ್ರಹವನ್ನು ಡಿಜಿಟಲೀಕರಿಸಿ, ಮಲಯಾಳಂ ಜೊತೆಗೆ ಕನ್ನಡದ ಹಳೆಯ ಪುಸ್ತಕಗಳನ್ನೂ ಲೋಕಕ್ಕೆ ತೆರೆದಿಟ್ಟಿದೆ. ಅದಕ್ಕೆ ಕನ್ನಡಿಗರು ಋಣಿಗಳಾಗಿರಬೇಕು. ಆದರೆ ತೆರೆದಿಟ್ಟ ಪುಟವನ್ನು ಪಠ್ಯವಾಗಿಸುವ ಹೊಣೆಯನ್ನು ಟ್ಯೂಬಿಂಗನ್‌ಗೇ ಬಿಡುವುದು ನ್ಯಾಯವಲ್ಲ.

ಕೊನೆಯ ಆಕ್ಷೇಪ ತಂತ್ರಜ್ಞರದು: ಯಂತ್ರಗಳು ದಿನೇ ದಿನೇ ಜಾಣವಾಗುತ್ತಿವೆ, ಹತ್ತು ವರ್ಷ ಕಾದರೆ ಎಲ್ಲವನ್ನೂ ಅವೇ ಓದಿಕೊಳ್ಳುತ್ತವೆ, ಮನುಷ್ಯರು ಕೂತು ನಕಲು ಮಾಡುವುದೇಕೆ? ಅಮೆರಿಕದ ಡೇವಿಡ್ ರಮ್ಸಿ ಸಂಗ್ರಹದಲ್ಲಿ ಈಗ 50,000ಕ್ಕೂ ಹೆಚ್ಚು ನಕಾಶೆಗಳೊಳಗಿನ ಹೆಸರುಗಳನ್ನು ಯಂತ್ರ ಓದಿ ಹುಡುಕಲು ಒದಗಿಸಿದೆ. ಬಳುಕುವ ಹೆಸರನ್ನೂ ಅದು ಹಿಡಿಯುತ್ತದೆ. ಸಾಲ್ಜ್‌ಬರ್ಗ್‌ನ ಮೊಟ್ಸಾರ್ಟ್ ಪ್ರತಿಷ್ಠಾನ ಅವನ ಕೃತಿಗಳನ್ನು ಯಂತ್ರ ಓದಬಲ್ಲ ಸ್ವರಸಂಕೇತವಾಗಿಯೇ ಕೊಡುತ್ತಿದೆ. ಇವು ಸಣ್ಣ ಸಾಧನೆಗಳಲ್ಲ. ಆದರೆ ಯಂತ್ರ ಓದಲು ಕಲಿಯುವುದು ಮನುಷ್ಯರು ಮೊದಲೇ ಓದಿ ಬರೆದಿಟ್ಟ ಮಾದರಿಗಳಿಂದ. ಬ್ರಿಟಿಷ್ ಲೈಬ್ರರಿ 2012ರಲ್ಲಿ ಹಳೆಯ ನಕಾಶೆಗಳನ್ನು ಇಂದಿನ ನೆಲಕ್ಕೆ ಹೊಂದಿಸುವ ಕೆಲಸ ಶುರುಮಾಡಿದಾಗ ಒಂದೊಂದೇ ಬಿಂದು ಗುರುತಿಸಿ ಕೊಟ್ಟವರು ಸಾರ್ವಜನಿಕ ಸ್ವಯಂಸೇವಕರು. ರೋಮನ್ ಲಿಪಿಗೆ ಇಂಥ ಮಾದರಿಗಳ ರಾಶಿಯೇ ಇದೆ. ಕಲ್ಲಚ್ಚಿನ ಕನ್ನಡಕ್ಕೆ ಅದನ್ನು ನಾವೇ ಕಟ್ಟಬೇಕು. ಕಟ್ಟದೆ ಎಷ್ಟು ವರ್ಷ ಕಾದರೂ ಯಂತ್ರ ನಮ್ಮ ಪರವಾಗಿ ಕಲಿತುಬಿಡುವುದಿಲ್ಲ.

ಗ್ರಂಥಾಲಯಗಳು ಮಾಡಬಹುದಾದ್ದು ಹೆಚ್ಚೇನಲ್ಲ. ಪ್ರತಿ ಹಾಳೆಯ ವಿವರದಲ್ಲಿ ಅದು ಕಲ್ಲಚ್ಚೋ ತಾಮ್ರದ್ದೋ ಮೊಳೆಯದೋ ಎಂದು ತಪ್ಪದೆ ನಮೂದಿಸಲಿ, ಆ ಮೂಲಕ ಹುಡುಕಲು ಬಿಡಲಿ. 1809ರ ಬವೇರಿಯಾದ ಹಳ್ಳಿ, 1825ರ ಬೋರ್ದೊದ ಗೂಳಿ, 1850ರ ಮಂಗಳೂರಿನ ದಾಸರ ಪದ ಆಗ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಓದುಗರು ಮಾಡಬಹುದಾದ್ದು ಇದಕ್ಕಿಂತ ಹೆಚ್ಚಿದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಸ್ಕ್ಯಾನ್ ಮಾಡಿದ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಪಠ್ಯವನ್ನು ಬೆರಳಚ್ಚು ಮಾಡಿ, ಇನ್ನೊಬ್ಬರಿಂದ ಪರಿಶೀಲನೆ ಮಾಡಿಸುವ ವ್ಯವಸ್ಥೆ ಈಗಾಗಲೇ ಇದೆ. ಹಳೆಯ ಅಕ್ಷರ ಓದಬಲ್ಲ ನಿವೃತ್ತ ಕನ್ನಡ ಮೇಷ್ಟ್ರುಗಳು, ದಾಸಸಾಹಿತ್ಯ ಬಾಯಿಪಾಠ ಬಲ್ಲ ತಾಯಂದಿರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಪಕ್ಕ ಕೂತು ಬೆರಳಚ್ಚು ಮಾಡಬಲ್ಲ ಮೊಮ್ಮಕ್ಕಳೂ ಇದ್ದಾರೆ. ಈ ವಾರ ಅವರಲ್ಲಿ ಒಬ್ಬರನ್ನು ಜೊತೆಗೂಡಿಸಿಕೊಂಡು ಒಂದು ಪುಟದಿಂದ ಶುರುಮಾಡಿ.